ದಾಟುವ ಹೊತ್ತಿನ ರಂಪ: ಒಂದರಿಂದ ನಾಲ್ಕು ವರ್ಷದ ಮಗುವಿನೊಡನೆ ದಿನ ಸಾಗಿಸುವ ಬಗೆ

ಒಂದರಿಂದ ನಾಲ್ಕು ವರ್ಷದ ಮಗುವಿರುವ ಮನೆಯವರು ಯಾರ ಸಲಹೆಯನ್ನಾದರೂ ಪಾಲಿಸಲು ಹೊರಡುವ ಮೊದಲು ಒಂದು ಚಿಕ್ಕ ಕೆಲಸ ಮಾಡುವುದು ಒಳ್ಳೆಯದು. ಒಂದು ವಾರ, ಮಗು ರಚ್ಚೆ ಹಿಡಿದಾಗಲೆಲ್ಲ ಗಂಟೆ ಎಷ್ಟಾಗಿತ್ತು, ಅದಕ್ಕೆ ಸ್ವಲ್ಪ ಮೊದಲು ಮಗು ಏನು ಮಾಡುತ್ತಿತ್ತು, ಮುಂದೆ ಏನು ಮಾಡಬೇಕೆಂದು ನೀವು ಹೇಳಿದ್ದಿರಿ, ಈ ಮೂರನ್ನು ಮಾತ್ರ ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ. ಕಾರಣವನ್ನು ಬರೆಯಬೇಡಿ, ಏಕೆಂದರೆ ಆ ಗಳಿಗೆಯಲ್ಲಿ ಹೊಳೆಯುವ ಕಾರಣಕ್ಕೆ ನಮ್ಮ ಸಿಟ್ಟು ಅಂಟಿಕೊಂಡಿರುತ್ತದೆ. ನನ್ನ ಮಗಳಿಗೆ ಎರಡೂವರೆ ವರ್ಷವಾಗಿದ್ದಾಗ ನಾನು ಇಂಥದೊಂದು ಹಾಳೆಯನ್ನು ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದೆ. ಇವಳು ದಿನವಿಡೀ ಹಠ ಮಾಡುತ್ತಾಳೆಂದು ಕಂಡವರೊಡನೆಲ್ಲ ಹೇಳಿಕೊಂಡು ತಿರುಗುತ್ತಿದ್ದ ನನಗೆ ವಾರದ ಕೊನೆಯಲ್ಲಿ ಸಿಕ್ಕಿದ್ದು 19 ಗುರುತುಗಳು. ಅವುಗಳಲ್ಲಿ 15 ಗುರುತುಗಳು ಆಟ ಬಿಟ್ಟು ಸ್ನಾನಕ್ಕೆ ಏಳುವಾಗಿನವು, ಮನೆ ಬಿಟ್ಟು ಹೊರಡುವಾಗಿನವು, ಹೊರಗಿನಿಂದ ಮನೆಗೆ ಮರಳುವಾಗಿನವು ಅಥವಾ ದೀಪ ಆರಿಸಿ ಮಲಗುವಾಗಿನವು. ಸ್ನಾನಕ್ಕೆ ಇಳಿಯಲು ಅತ್ತವಳು ಸ್ನಾನದಿಂದ ಮೇಲೇಳಲೂ ಅಷ್ಟೇ ಅತ್ತಿದ್ದಳು. ಅಂದರೆ ಅವಳ ತಕರಾರು ನೀರಿನ ಮೇಲಿರಲಿಲ್ಲ, ಒಂದು ಕೆಲಸದಿಂದ ಇನ್ನೊಂದಕ್ಕೆ ದಾಟುವುದರ ಮೇಲಿತ್ತು.

ಹೀಗೇಕೆಂದು ತಿಳಿದರೆ ಮುಂದಿನ ಕೆಲಸ ಹಗುರವಾಗುತ್ತದೆ. ಮಾಡುತ್ತಿರುವುದನ್ನು ನಿಲ್ಲಿಸಿ ಗಮನವನ್ನು ಬೇರೆಡೆಗೆ ತಿರುಗಿಸುವುದು, ಬಂದ ಸಿಟ್ಟನ್ನು ತಡೆದುಕೊಳ್ಳುವುದು, ಈಗ ಬೇಕಾದದ್ದಕ್ಕೆ ಆಮೇಲಿನವರೆಗೆ ಕಾಯುವುದು, ಇವೆಲ್ಲ ಮಿದುಳಿನ ಮುಂಭಾಗದ ಹೊಣೆ. ಆ ಭಾಗ ಪೂರ್ತಿ ಬಲಿಯುವ ಹೊತ್ತಿಗೆ ಮನುಷ್ಯನಿಗೆ 25ರ ಆಸುಪಾಸಿನ ವಯಸ್ಸಾಗಿರುತ್ತದೆ. ಎರಡು ವರ್ಷದ ಮಗುವಿನಲ್ಲಿ ಅದು ಈಗಷ್ಟೇ ಕಣ್ಣು ಬಿಡುತ್ತಿದೆ. ಜೊತೆಗೆ, ಈ ವಯಸ್ಸಿನಲ್ಲಿ ಮಗುವಿಗೆ ಅರ್ಥವಾಗುವ ಮಾತು ಬಹಳ, ಆಡಲು ಬರುವ ಮಾತು ಕಡಿಮೆ. ‘ಈ ಗೋಪುರಕ್ಕೆ ಇನ್ನೊಂದು ಕಲ್ಲು ಇಟ್ಟರೆ ಮುಗಿಯುತ್ತದೆ, ಅಲ್ಲಿಯವರೆಗೆ ತಾಳು’ ಎಂದು ಹೇಳಲು ಅದಕ್ಕೆ ಬರುವುದಿಲ್ಲ. ಆದ್ದರಿಂದ ನೆಲದ ಮೇಲೆ ಬಿದ್ದು ಒದ್ದಾಡಿ ಹೇಳುತ್ತದೆ. ಇನ್ನು ‘ಐದು ನಿಮಿಷದಲ್ಲಿ ಹೊರಡೋಣ’ ಎಂಬ ನಮ್ಮ ಮುನ್ನೆಚ್ಚರಿಕೆಯಂತೂ ಅದಕ್ಕೆ ಬರೀ ಸದ್ದು.

ಆದಕಾರಣ ನಿಮಿಷಗಳ ಲೆಕ್ಕ ಬಿಟ್ಟು, ಮಗುವಿನ ಕಣ್ಣಿಗೆ ಕಾಣುವ ಲೆಕ್ಕದಲ್ಲಿ ಹೇಳಬೇಕು. ‘ಇನ್ನು ಮೂರು ಸಲ ಜಾರು, ಆಮೇಲೆ ಚಪ್ಪಲಿ ಹಾಕಿಕೊಳ್ಳೋಣ’ ಎಂದರೆ ಕೊನೆ ಎಲ್ಲಿದೆಯೆಂಬುದು ಅದಕ್ಕೂ ಕಾಣುತ್ತದೆ. ಆದರೆ ಈ ಮಾತನ್ನು ಒಳಕೋಣೆಯಿಂದ ಕೂಗಿ ಹೇಳಿ ಪ್ರಯೋಜನವಿಲ್ಲ. ಹತ್ತಿರ ಹೋಗಿ, ಅದರ ಕಣ್ಣಿನ ಮಟ್ಟಕ್ಕೆ ಕುಕ್ಕರಿಸಿ, ಮೊದಲು ಅರ್ಧ ನಿಮಿಷ ಅದು ಮಾಡುತ್ತಿರುವುದನ್ನು ಸುಮ್ಮನೆ ನೋಡಿ. ‘ಓ, ಗಾಡಿಗಳೆಲ್ಲ ಸಾಲಾಗಿ ನಿಂತಿವೆ’ ಎಂದು ಕಂಡದ್ದನ್ನು ಹೇಳಿ. ಅದು ತಲೆ ಎತ್ತಿ ನಿಮ್ಮತ್ತ ನೋಡಿದ ಮೇಲೆ ವಿಷಯಕ್ಕೆ ಬನ್ನಿ. ಈ ಅರ್ಧ ನಿಮಿಷವನ್ನು ಉಳಿಸಲು ಹೋಗಿ ಇಪ್ಪತ್ತು ನಿಮಿಷ ಕಳೆದುಕೊಂಡವರ ಪೈಕಿ ನಾನೂ ಒಬ್ಬ. ಮೂರು ಸಲವೆಂದರೆ ಮೂರೇ ಸಲವಾಗಬೇಕು ಎಂಬುದೂ ಅಷ್ಟೇ ಮುಖ್ಯ. ಫೋನಿನಲ್ಲಿ ಮಾತಾಡುತ್ತ ನೀವು ಆರನೆಯ ಸಲದವರೆಗೂ ಬಿಟ್ಟರೆ ಮರುದಿನ ‘ಮೂರು’ ಎಂಬುದಕ್ಕೆ ಬೆಲೆಯಿರುವುದಿಲ್ಲ.

ನಮ್ಮ ಭಾಷೆಯಲ್ಲೇ ಅವಿತಿರುವ ಒಂದು ತಪ್ಪನ್ನೂ ಇಲ್ಲಿ ಹೇಳಬೇಕು. ‘ಹೊರಡೋಣವಾ?’, ‘ಹಲ್ಲು ಉಜ್ಜೋಣ್ವಾ ಪುಟ್ಟಾ?’ ಎಂದು ನಾವು ಅಕ್ಕರೆಯಿಂದ ರಾಗ ಎಳೆಯುತ್ತೇವೆ. ಮಗು ಅದನ್ನು ಪ್ರಶ್ನೆಯೆಂದೇ ತಿಳಿದು ಪ್ರಾಮಾಣಿಕವಾಗಿ ‘ಬೇಡ’ ಎನ್ನುತ್ತದೆ. ಕೇಳಿದ್ದಕ್ಕೆ ಉತ್ತರ ಕೊಟ್ಟ ಮಗುವನ್ನು ಎತ್ತಿಕೊಂಡು ಹೋಗಿ ಹಲ್ಲು ಉಜ್ಜಿದರೆ ಅದಕ್ಕೆ ಸಿಟ್ಟು ಬಾರದೆ ಇನ್ನೇನು? ಹೇಗಿದ್ದರೂ ಆಗಲೇಬೇಕಾದ ಕೆಲಸವನ್ನು ಮೆಲುದನಿಯಲ್ಲಿ, ಆದರೆ ಪ್ರಶ್ನೆಯ ರೂಪವಿಲ್ಲದೆ ಹೇಳಿ. ಆಯ್ಕೆಯನ್ನು ಆ ಕೆಲಸದ ಒಳಗೆ ಕೊಡಿ. ಹಲ್ಲು ಉಜ್ಜುವುದು ಖಚಿತ, ಆದರೆ ಕೆಂಪು ಬ್ರಷ್ಷೋ ಹಳದಿಯದೋ ಎಂಬುದು ಮಗುವಿಗೆ ಬಿಟ್ಟದ್ದು. ಆಯ್ಕೆ ಎರಡಕ್ಕಿಂತ ಹೆಚ್ಚಾದರೆ ಅದೇ ಹೊಸ ರಂಪಕ್ಕೆ ಪೀಠಿಕೆಯಾಗುತ್ತದೆ.

‘ನಾನೇ’ ಎನ್ನುವ ಮಗು

ಎರಡು ವರ್ಷದ ಹೊತ್ತಿಗೆ ‘ನಾನೇ’ ಎಂಬ ಪದ ಮನೆಯೊಳಗೆ ಕಾಲಿಡುತ್ತದೆ. ಬೆಳಗ್ಗೆ ಹೊರಡುವ ಅವಸರದಲ್ಲಿ ಮಗು ಹೊಸ್ತಿಲ ಮೇಲೆ ಕುಳಿತು ಬೂಟು ಹಾಕಿಕೊಳ್ಳುವುದನ್ನು ಒಮ್ಮೆ ಗಮನವಿಟ್ಟು ನೋಡಿ. ಅಂಟುವ ಪಟ್ಟಿಯನ್ನು ಮೊದಲು ಪರ್ ಎಂದು ಕಿತ್ತು ತೆರೆಯುತ್ತದೆ. ಆ ಸದ್ದು ಇಷ್ಟವಾಗಿ ಮತ್ತೆ ಅಂಟಿಸಿ ಮತ್ತೆ ಕೀಳುತ್ತದೆ. ಬೆರಳುಗಳು ಒಳಗೆ ಹೋಗುತ್ತವೆ, ಹಿಮ್ಮಡಿ ಹೋಗುವುದಿಲ್ಲ. ಹಿಂಬದಿಯ ಅಂಚು ಮಡಚಿಕೊಂಡು ಪಾದದ ಕೆಳಗೆ ಸಿಕ್ಕಿಬೀಳುತ್ತದೆ. ತುಟಿ ಕಚ್ಚಿ, ಎರಡೂ ಕೈಯಿಂದ ಎಳೆದು, ಕೊನೆಗೆ ಎದ್ದು ನಿಂತು ನೆಲಕ್ಕೆ ಕುಟ್ಟಿ ಒಳಗೆ ತೂರಿಸುತ್ತದೆ. ಅಷ್ಟೆಲ್ಲ ಆದ ಮೇಲೆ ಎಡಗಾಲಿನ ಬೂಟು ಬಲಗಾಲಿನಲ್ಲಿರುತ್ತದೆ. ಈ ಇಡೀ ಹೋರಾಟ ನಡೆದದ್ದು ನಾಲ್ಕು ನಿಮಿಷ. ಮೂರನೆಯ ನಿಮಿಷದಲ್ಲಿ ನೀವು ಬಾಗಿ ಹಿಮ್ಮಡಿಯನ್ನು ಒಳಗೆ ತಳ್ಳಿದ್ದರೆ ಮಗು ಬೂಟನ್ನೇ ಕಿತ್ತೆಸೆದು ಮೊದಲಿನಿಂದ ಶುರುಮಾಡುತ್ತಿತ್ತು.

ಇದಕ್ಕೆ ನಾನು ಕಂಡುಕೊಂಡ ದಾರಿ ತೀರ ಸರಳವಾದದ್ದು: ದಿನದಲ್ಲಿ ಒಂದೋ ಎರಡೋ ಕೆಲಸಗಳನ್ನು ‘ನಾನೇ’ಗೆಂದು ಮೊದಲೇ ಬಿಟ್ಟುಕೊಟ್ಟು, ಅವಕ್ಕೆ ಬೇಕಾದಷ್ಟು ಸಮಯ ಹಿಡಿದು ಹೊರಡುವ ವೇಳೆಯನ್ನು ಹಿಂದಕ್ಕೆ ಎಣಿಸಿಕೊಳ್ಳುವುದು, ಉಳಿದವನ್ನು ಹಿರಿಯರೇ ಮಾಡಿ ಮುಗಿಸುವುದು. ಎಲ್ಲವನ್ನೂ ಮಗುವಿಗೆ ಬಿಟ್ಟರೆ ಯಾರೂ ಮನೆ ಬಿಡುವುದಿಲ್ಲ. ಯಾವುದನ್ನೂ ಬಿಡದಿದ್ದರೆ ಎಲ್ಲದಕ್ಕೂ ಜಗಳವಾಗುತ್ತದೆ. ತಿರುವುಮುರುವಾದ ಬೂಟನ್ನು ಗಾಯವಾಗುವಂತಿಲ್ಲದಿದ್ದರೆ ಹಾಗೆಯೇ ಬಿಡಿ. ಹತ್ತು ಹೆಜ್ಜೆ ನಡೆದ ಮೇಲೆ ಅದೇ ಬಂದು ಕಾಲು ಚಾಚುವುದುಂಟು.

ರಚ್ಚೆ ಹಿಡಿದೇಬಿಟ್ಟಾಗ

ಎಷ್ಟು ಜಾಗ್ರತೆ ವಹಿಸಿದರೂ ರಚ್ಚೆ ಬರುತ್ತದೆ. ಈ ವಯಸ್ಸಿನಲ್ಲಿ ಅದು ಬೆಳವಣಿಗೆಯ ಭಾಗವೇ ಹೊರತು ನಿಮ್ಮ ಸಾಕಣೆಯ ದೋಷವಲ್ಲ. ಬಂದಾಗ ಮಾಡಬೇಕಾದದ್ದಕ್ಕಿಂತ ಮಾಡಬಾರದ್ದೇ ಹೆಚ್ಚು. ವಿವರಿಸಬೇಡಿ, ವಾದಿಸಬೇಡಿ, ‘ಯಾಕೆ ಅಳುತ್ತಿದ್ದೀಯ ಹೇಳು’ ಎಂದು ಪೀಡಿಸಬೇಡಿ. ಬಡಿದುಕೊಂಡರೆ ಪೆಟ್ಟಾಗುವ ವಸ್ತುಗಳನ್ನು ಸರಿಸಿ, ಕೈಗೆಟಕುವಷ್ಟು ದೂರದಲ್ಲಿ ನೆಲದ ಮೇಲೆ ಕುಳಿತು, ‘ಹೊರಗೇ ಇರಬೇಕಿತ್ತು ನಿನಗೆ, ಒಳಗೆ ಬಂದದ್ದಕ್ಕೆ ಸಿಟ್ಟು ಬಂದಿದೆ’ ಎಂಬ ಒಂದೇ ಒಂದು ವಾಕ್ಯ ಹೇಳಿ ಸುಮ್ಮನಾಗಿ. ಕೆಲವು ಮಕ್ಕಳಿಗೆ ಆಗ ಅಪ್ಪಿಕೊಂಡರೆ ಹಿತ, ಕೆಲವಕ್ಕೆ ಮುಟ್ಟಿದರೆ ಉರಿ. ನಿಮ್ಮ ಮಗು ಯಾವ ಗುಂಪಿನದೆಂಬುದು ಎರಡೇ ದಿನದಲ್ಲಿ ತಿಳಿಯುತ್ತದೆ. ಹೊಡೆಯಲು ಬಂದರೆ ಕೈಯನ್ನು ಮೆತ್ತಗೆ ಹಿಡಿದು ‘ಹೊಡೆಯಲು ಬಿಡುವುದಿಲ್ಲ’ ಎಂದರೆ ಸಾಕು. ಮೊದಲು ಇಲ್ಲವೆಂದ ವಸ್ತುವನ್ನು ಅಳು ತಡೆಯಲಾರದೆ ಕೊಟ್ಟುಬಿಡುವುದು ಮಾತ್ರ ಕೂಡದು, ಏಕೆಂದರೆ ಎಷ್ಟು ಜೋರಾಗಿ ಅತ್ತರೆ ಸಿಗುತ್ತದೆಂಬ ಅಳತೆಯನ್ನು ನಾವೇ ಕಲಿಸಿದಂತಾಗುತ್ತದೆ. ಕೊಡಬಹುದಾದದ್ದಾದರೆ ಮೊದಲ ಸಲವೇ ಕೊಡುವುದು ಲೇಸು. ಹತ್ತು ಜನರೆದುರು ಹೀಗಾದರೆ ಮಗುವನ್ನು ಎತ್ತಿಕೊಂಡು ಆಚೆ ಹೋಗಿ. ನಮ್ಮ ಅರ್ಧ ಸಿಡಿಮಿಡಿ ನೋಡುವವರಿಗಾಗಿಯೇ ಇರುತ್ತದೆ. ಸ್ನಾನದ ತೊಟ್ಟಿಯಲ್ಲಿ ರಚ್ಚೆ ಹಿಡಿದರೆ, ಎಷ್ಟೇ ರೇಗಿದರೂ, ಮಗುವನ್ನು ಒಂಟಿಯಾಗಿ ಬಿಟ್ಟು ಎದ್ದು ಹೋಗಬಾರದು: ಚಿಕ್ಕ ಮಗು ಕೆಲವೇ ಅಂಗುಲ ನೀರಿನಲ್ಲೂ, ಸದ್ದಿಲ್ಲದೆ, ಮುಳುಗಬಲ್ಲದು.

ಕೆಲವು ಮಕ್ಕಳು ಅಳುವ ಭರದಲ್ಲಿ ಉಸಿರು ಕಟ್ಟಿ, ತುಟಿ ನೀಲಿಯಾಗಿ, ಕೆಲ ಕ್ಷಣ ಪ್ರಜ್ಞೆ ತಪ್ಪುವುದೂ ಉಂಟು. ನೋಡಿದವರ ಜೀವ ಬಾಯಿಗೆ ಬರುತ್ತದೆ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನನ್ನೂ ಹಾಕದೆ ಕಾದರೆ ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಉಸಿರು ತಾನಾಗಿ ಮರಳುತ್ತದೆ. ಮರಳದಿದ್ದರೆ ತಡಮಾಡದೆ ತುರ್ತು ಚಿಕಿತ್ಸೆಗೆ ಕರೆಯಬೇಕು. ಇದು ಬಹುಮಟ್ಟಿಗೆ ಅಪಾಯವಿಲ್ಲದ್ದೇ ಆದರೂ ಮೊದಲ ಸಲ ಕಂಡಾಗ ಮಕ್ಕಳ ವೈದ್ಯರಿಗೆ ತೋರಿಸಲೇಬೇಕು, ಏಕೆಂದರೆ ಕೆಲವರಲ್ಲಿ ಕಬ್ಬಿಣದ ಅಂಶದ ಕೊರತೆ ಜೊತೆಗಿರುತ್ತದೆ. ಮಗು ತನಗೆ ತಾನೇ ಪದೇ ಪದೇ ಗಾಯ ಮಾಡಿಕೊಳ್ಳುತ್ತಿದ್ದರೆ, ಎರಡು ವರ್ಷ ತುಂಬಿದರೂ ಎರಡು ಪದ ಜೋಡಿಸಿ ಆಡದಿದ್ದರೆ ಅಥವಾ ಕಲಿತಿದ್ದ ಮಾತು ನಿಂತುಹೋದರೆ, ಹಠವೆಂದು ತಳ್ಳಿಹಾಕದೆ ತೋರಿಸಿ.

ಬಿಟ್ಟು ಹೋಗುವ ಬಾಗಿಲು

ಎಂಟು ತಿಂಗಳ ಸುಮಾರಿಗೆ ಮಗುವಿಗೆ, ಕಣ್ಣಿಗೆ ಕಾಣದಿದ್ದರೂ ವಸ್ತುವೂ ಮನುಷ್ಯರೂ ಎಲ್ಲೋ ಇದ್ದೇ ಇರುತ್ತಾರೆಂಬುದು ತಿಳಿಯತೊಡಗುತ್ತದೆ. ಮುಖಕ್ಕೆ ಬಟ್ಟೆ ಮುಚ್ಚಿ ತೆಗೆದರೆ ಕೇಕೆ ಹಾಕಿ ನಗುವುದು ಆ ತಿಳಿವಳಿಕೆಯಿಂದಲೇ. ನೀವು ಬಾಗಿಲ ಕಡೆ ಹೆಜ್ಜೆ ಇಟ್ಟರೆ ಅಳುವುದೂ ಅದರಿಂದಲೇ. ಮಗುವಿನ ಗಮನ ಬೇರೆಡೆ ಸೆಳೆದು ಕದ್ದು ಜಾರಿಕೊಳ್ಳುವುದು ಆ ದಿನಕ್ಕೆ ಸುಲಭವೆನಿಸಿದರೂ ಮರುದಿನದಿಂದ ಅದು ಸೆರಗನ್ನೋ ಅಂಗಿಯ ಚುಂಗನ್ನೋ ಬಿಡದೆ ಹಿಡಿದುಕೊಳ್ಳುತ್ತದೆ, ಏಕೆಂದರೆ ಯಾವ ಗಳಿಗೆಯಲ್ಲಿ ಮಾಯವಾಗುತ್ತೀರೋ ಎಂಬ ಕಾವಲು ಅದರದು. ಹೇಳಿಯೇ ಹೋಗಿ, ಚುಟುಕಾಗಿ ಹೇಳಿ, ಹೇಳಿದ ಮೇಲೆ ಮತ್ತೆ ಒಳಗೆ ಬರಬೇಡಿ. ‘ನೀನು ನಿದ್ದೆ ಮಾಡಿ ಎದ್ದ ಮೇಲೆ ಬರುತ್ತೇನೆ’ ಎಂದಿದ್ದರೆ ಎದ್ದ ಮೇಲೆ ಬನ್ನಿ.

ಮಗು ಹೋದಲ್ಲೆಲ್ಲ ಎಳೆದುಕೊಂಡು ಹೋಗುವ ಹಳೆಯ ಬಟ್ಟೆಯ ತುಂಡನ್ನೋ ಸವೆದ ಬೊಂಬೆಯನ್ನೋ ಈ ಹೊತ್ತಿನಲ್ಲಿ ಕಸಿದುಕೊಳ್ಳಬಾರದು. ಇಂಗ್ಲೆಂಡಿನ ಮಕ್ಕಳ ವೈದ್ಯ ಹಾಗೂ ಮನೋವಿಶ್ಲೇಷಕ ಡೊನಾಲ್ಡ್ ವಿನ್ನಿಕಾಟ್ 1951ರಲ್ಲೇ ಇಂಥ ವಸ್ತುಗಳ ಮಹತ್ವವನ್ನು ವಿವರಿಸಿದ್ದರು. ತಾಯಿಯ ಮಡಿಲಿಗೂ ಹೊರಗಿನ ಲೋಕಕ್ಕೂ ನಡುವೆ ಮಗು ತಾನೇ ಹಾಕಿಕೊಂಡ ಸಂಕ ಅದು ಎನ್ನಬಹುದು. ಅದನ್ನು ಒಗೆಯುವ ಮೊದಲು ಎರಡು ಸಲ ಯೋಚಿಸಿ, ಏಕೆಂದರೆ ವಾಸನೆಯೂ ಅದರ ಭಾಗ. ಒಂದು ವರ್ಷದೊಳಗಿನ ಕೂಸಿನ ಹಾಸಿಗೆಯಲ್ಲಿ ಮಾತ್ರ, ಉಸಿರಿಗೆ ಅಡ್ಡವಾಗಬಹುದಾದ್ದರಿಂದ, ಇಂಥ ಯಾವ ಮೆತ್ತನೆಯ ವಸ್ತುವನ್ನೂ ಇಡಬಾರದು.

ಊಟದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಮೊದಲ ವರ್ಷದಲ್ಲಿ ಹುಟ್ಟಿದಾಗಿನ ತೂಕದ ಸುಮಾರು ಮೂರರಷ್ಟಾಗುವ ಮಗು ಎರಡನೆಯ ವರ್ಷದಲ್ಲಿ ಹೆಚ್ಚುಕಡಿಮೆ ಎರಡೂವರೆ ಕಿಲೋ ಮಾತ್ರ ಏರುತ್ತದೆ. ಹಸಿವು ತಗ್ಗುವುದು ಸಹಜ. ಏನು, ಯಾವಾಗ ಎಂಬುದನ್ನು ನೀವು ನಿರ್ಧರಿಸಿ. ಎಷ್ಟು ಎಂಬುದನ್ನು ಅದಕ್ಕೆ ಬಿಡಿ. ತುತ್ತು ಹಿಡಿದು ಮನೆಯಿಡೀ ಬೆನ್ನಟ್ಟುವುದನ್ನು ನಿಲ್ಲಿಸಿದ ದಿನ ನಮ್ಮ ಹಾಳೆಯಿಂದ ಎರಡು ಗುರುತುಗಳು ಕಡಿಮೆಯಾದವು.

ಪರದೆ ಆರಿಸುವುದು, ದೀಪ ಆರಿಸುವುದು

ದಾಟುವ ಹೊತ್ತುಗಳಲ್ಲೆಲ್ಲ ಕಠಿಣವಾದದ್ದು ಮೊಬೈಲ್ ಅಥವಾ ಟಿವಿಯ ಪರದೆಯಿಂದ ಎದ್ದು ಬರುವುದು. ಆಟಕ್ಕೆ ದಣಿವೆಂಬುದಿದೆ, ಒಂದಾದ ಮೇಲೊಂದು ತಾನಾಗಿ ಶುರುವಾಗುವ ವಿಡಿಯೋಗೆ ಕೊನೆಯೇ ಇಲ್ಲ. ಎರಡು ವರ್ಷದೊಳಗಿನವರಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ತೋರಿಸುವುದಾದರೆ ಮುಂದಿನದು ತಾನಾಗಿ ಓಡದಂತೆ ಮಾಡಿ, ಪಕ್ಕದಲ್ಲಿ ಕುಳಿತು, ಕತೆ ಮುಗಿಯುವಲ್ಲಿ ನಿಲ್ಲಿಸಿ. ಆರಿಸುವ ಗುಂಡಿಯನ್ನು ಮಗುವೇ ಒತ್ತಲಿ. ನಡುವೆ ಕಿತ್ತುಕೊಂಡರೆ ರಚ್ಚೆ ಕಟ್ಟಿಟ್ಟ ಬುತ್ತಿ.

ಅದೇ ಸಂಸ್ಥೆಯ ಲೆಕ್ಕದಲ್ಲಿ ಒಂದರಿಂದ ಎರಡು ವರ್ಷದ ಮಗುವಿಗೆ ಹಗಲಿನ ನಿದ್ದೆಯೂ ಸೇರಿ 11ರಿಂದ 14 ಗಂಟೆ, ಮೂರು ನಾಲ್ಕು ವರ್ಷದ ಮಗುವಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ನಿದ್ದೆಗೆಟ್ಟ ಮಗು ತೂಕಡಿಸುವ ಬದಲು ಇನ್ನಷ್ಟು ಕುಣಿಯುವುದರಿಂದ, ಅದಕ್ಕೆ ನಿದ್ದೆ ಬಂದಿಲ್ಲವೆಂದು ನಾವು ಮೋಸಹೋಗುತ್ತೇವೆ. ಕಣ್ಣು ಉಜ್ಜುವುದು, ಕಿವಿ ಎಳೆದುಕೊಳ್ಳುವುದು, ಕಾರಣವಿಲ್ಲದೆ ಬೀಳುವುದು ಕಂಡ ಕೂಡಲೇ ಮಲಗಿಸುವ ಕೆಲಸ ಶುರುಮಾಡಿ. ಮುಖ ತೊಳೆಯುವುದು, ಬಟ್ಟೆ ಬದಲಿಸುವುದು, ಒಂದು ಕತೆ, ಒಂದು ಹಾಡು, ದೀಪ ಎಂಬ ಸಾಲನ್ನು ದಿನವೂ ಅದೇ ಕ್ರಮದಲ್ಲಿ ನಡೆಸಿದರೆ ಕೆಲವೇ ವಾರಗಳಲ್ಲಿ ಆ ಸಾಲೇ ಮಗುವನ್ನು ಎಳೆದುಕೊಂಡು ಹೋಗುತ್ತದೆ. ಒಂದು ರಾತ್ರಿ ನಾನು ದಣಿದು ಹಾಡು ಬಿಟ್ಟು ದೀಪ ಆರಿಸಿದೆ. ಕತ್ತಲಲ್ಲಿ ಎದ್ದು ಕುಳಿತ ಮಗಳು, ‘ಅಪ್ಪಾ, ನೀನು ತಪ್ಪು ಮಾಡಿದೆ, ದೀಪ ಹಾಕು’ ಎಂದಳು. ಹಾಕಿ, ಹಾಡಿ, ಮತ್ತೆ ಆರಿಸಿದೆ.

ನೀವು ಗದರಿಬಿಡುವ ದಿನಗಳೂ ಇರುತ್ತವೆ. ಸಿಟ್ಟು ಇಳಿದ ಮೇಲೆ, ‘ನಾನು ಜೋರಾಗಿ ಕೂಗಿದೆ, ನಿನಗೆ ಹೆದರಿಕೆಯಾಯಿತು, ಹಾಗೆ ಕೂಗಬಾರದಿತ್ತು’ ಎಂದು ಹೇಳಿ; ಅದರ ಬೆನ್ನಿಗೇ ‘ಆದರೆ ನೀನು’ ಎಂದು ಸೇರಿಸಬೇಡಿ. ಮನೆಯಲ್ಲಿ ಇನ್ನೊಬ್ಬ ಹಿರಿಯರಿದ್ದರೆ, ದಿನದ ಅತಿ ಕಷ್ಟದ ದಾಟುವಿಕೆ ಯಾವುದೆಂದು ಹಾಳೆ ನೋಡಿ ಗುರುತಿಸಿ, ಅದನ್ನು ದಿನ ಬಿಟ್ಟು ದಿನ ಹಂಚಿಕೊಳ್ಳಿ.

ಹಾಳೆಯ ಹಿಂಬದಿಯನ್ನು ಖಾಲಿ ಬಿಡಬೇಡಿ. ಮಗು ಮೈಮರೆತು ನಕ್ಕ, ಬೆರಗಾಗಿ ನಿಂತ ಹೊತ್ತುಗಳನ್ನು ಅಲ್ಲಿ ಅದೇ ರೀತಿ ಗುರುತು ಹಾಕಿ. ಎರಡನೆಯ ವಾರದಲ್ಲಿ ನಾನು ಹಾಗೆ ಮಾಡಿದೆ. ಮುಂಬದಿಯಲ್ಲಿದ್ದ ಬಾಗಿಲು, ಮೆಟ್ಟಿಲು, ಸ್ನಾನದ ಮನೆಗಳೇ ಹಿಂಬದಿಯಲ್ಲೂ ಇದ್ದವು; ವ್ಯತ್ಯಾಸವೆಂದರೆ ಆ ದಿನಗಳಲ್ಲಿ ನಾವು ಹತ್ತು ನಿಮಿಷ ಮೊದಲೇ ಎದ್ದಿದ್ದೆವು. ಮೊದಲ ಸಾಲು ಹೀಗಿದೆ: ‘ಬುಧವಾರ, ಸಂಜೆ 6.10. ಮನೆಗೆ ಮರಳುವಾಗ ಮೂರನೆಯ ಮೆಟ್ಟಿಲು. ಇರುವೆಯೊಂದು ತನಗಿಂತ ದೊಡ್ಡ ರೆಕ್ಕೆಯನ್ನು ಎಳೆದುಕೊಂಡು ಹೋಗುತ್ತಿತ್ತು. ಅದರ ಮನೆ ಎಲ್ಲಿ ಎಂದು ಕೇಳಿದಳು. ಗೋಡೆಯ ಬಿರುಕಿನವರೆಗೂ ಜೊತೆಗೆ ಹೋಗಿ ಬಿಟ್ಟು ಬಂದೆವು. 12 ನಿಮಿಷ. ಅಳಲಿಲ್ಲ.’