ಡೀಸೆಲ್ ಟ್ಯಾಂಕಿನ ಅಡಿ ಸೋರಿದರೆ: ಪಾನಾ ಹಿಡಿಯುವ ಮುಂಚೆ

ಮೂಡಿಗೆರೆ ಕಡೆಯ ರೋಬಸ್ಟಾ ಕಾಫಿ ತೋಟಗಳಲ್ಲಿ ಹೂವಿಗೆ ನೀರು ಕೊಡುವ ಡೀಸೆಲ್ ಇಂಜಿನ್ನಿಗೆ ವರ್ಷದಲ್ಲಿ ಎರಡು ಮೂರು ತಿಂಗಳು ಕೆಲಸ, ಉಳಿದಂತೆ ಪಂಪ್ ಶೆಡ್ಡಿನಲ್ಲಿ ನಿದ್ದೆ. ಫೆಬ್ರವರಿಯಲ್ಲಿ ಪೈಪು ಎಳೆದು ಸ್ಪ್ರಿಂಕ್ಲರ್ ನಿಲ್ಲಿಸುವ ಹೊತ್ತಿಗೇ ಟ್ಯಾಂಕಿನ ಅಡಿ ತೊಟ್ಟಿಕ್ಕಲು ಶುರುವಾಗುತ್ತದೆ. ನಮ್ಮದು 12 ಲೀಟರಿನ ತಗಡಿನ ಟ್ಯಾಂಕು. ಅಡಿಯಲ್ಲಿ ಕಾಲಿಂಚು ಬಿಎಸ್‌ಪಿ (ಬ್ರಿಟಿಷ್ ಅಳತೆಯ ಪೈಪ್ ಥ್ರೆಡ್) ಡ್ರೈನ್ ಪ್ಲಗ್, ಅದಕ್ಕೊಂದು ತಾಮ್ರದ ವಾಷರ್. ಹನಿಯ ಕೆಳಗೆ ಕೆಮ್ಮಿನ ಔಷಧಿಯ ಅಳತೆ ಮುಚ್ಚಳ ಹಿಡಿದೆ. ಕಾಲು ಗಂಟೆಗೆ 10 ಮಿ.ಲೀ. ಬಿತ್ತು. ದಿನಕ್ಕೆ ಲೆಕ್ಕ ಹಾಕಿದರೆ ಸುಮಾರು 1 ಲೀಟರ್.

ಇಂಥ ಹೊತ್ತಲ್ಲಿ ಎಲ್ಲರ ಕೈಯೂ ಮೊದಲು ಪಾನಾಕ್ಕೆ ಹೋಗುತ್ತದೆ. ಇನ್ನೊಂದು ಸುತ್ತು ಬಿಗಿದರೆ ನಿಲ್ಲಬಹುದು ಎಂಬ ಆಸೆ. ಪ್ಲಗ್ ಕೂರುವ, ಒಳಗೆ ಥ್ರೆಡ್ ಇರುವ ಗುಬಟನ್ನು ಮಿಲಿಮೀಟರ್ ದಪ್ಪದ ತಗಡಿಗೆ ಬೆಸೆದಿರುತ್ತಾರೆ. ಉದ್ದ ಹಿಡಿಯ ಪಾನಾ ಹಾಕಿ ಎಳೆದರೆ ಬಲವೆಲ್ಲ ಬೀಳುವುದು ಆ ಬೆಸುಗೆಯ ಅಂಚಿಗೆ. ಹತ್ತು ರೂಪಾಯಿಯ ವಾಷರಿನಲ್ಲಿ ಮುಗಿಯುವ ಕೆಲಸ ತಗಡು ಸೀಳುವ ತನಕ ಹೋಗುತ್ತದೆ.

ಮೊದಲು ಡೀಸೆಲ್ ಎಲ್ಲಿಂದ ಬರುತ್ತಿದೆ ಎಂದು ನೋಡಬೇಕು. ಮೇಲೆ ಎಲ್ಲೇ ಜಿನುಗಿದರೂ ಅದು ತಗಡಿನ ಮೈಗೆ ಅಂಟಿಕೊಂಡು ಇಳಿದು, ಎಲ್ಲಕ್ಕಿಂತ ತಗ್ಗಿನ ಜಾಗದಿಂದ ಹನಿಯುತ್ತದೆ. ಹಾಗಾಗಿ ಅಪವಾದ ಯಾವಾಗಲೂ ಡ್ರೈನ್ ಪ್ಲಗ್ಗಿಗೇ. ಇಂಜೆಕ್ಟರಿನಿಂದ ವಾಪಸ್ ಬರುವ ಸಣ್ಣ ಪೈಪು, ಫಿಲ್ಟರಿಗೆ ಹೋಗುವ ಕಾಕು (ನಲ್ಲಿ), ಟ್ಯಾಂಕಿನ ಹೊಲಿಗೆ, ಮುಚ್ಚಳದ ಬಾಯಿ ಎಲ್ಲವನ್ನೂ ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಮೇಲಿಂದ ಕೆಳಗೆ ವಿಭೂತಿ ಉದುರಿಸಿ ಅರ್ಧ ಗಂಟೆ ಬಿಟ್ಟೆ. ಒದ್ದೆಯಾದ ಕಡೆ ವಿಭೂತಿ ಕಪ್ಪಾಗುತ್ತದೆ, ಎಲ್ಲಿಂದ ಶುರು ಎಂದು ಗೆರೆ ಎಳೆದಂತೆ ಕಾಣುತ್ತದೆ. ಟಾಲ್ಕಂ ಪೌಡರ್ ಆದರೂ ಆದೀತು. ನಮ್ಮ ಟ್ಯಾಂಕಿನಲ್ಲಿ ವಾಷರಿನ ಒಂದೇ ಪಕ್ಕ ಕಪ್ಪಾಗಿತ್ತು, ಬೆಸುಗೆ ಒಣಗಿತ್ತು. ಅಷ್ಟರ ಮಟ್ಟಿಗೆ ಬಚಾವು.

ಟ್ಯಾಂಕ್ ಖಾಲಿ ಮಾಡುವಾಗ ಇಂಜಿನ್ ತಣ್ಣಗಿರಲಿ, ಹತ್ತಿರ ಬೀಡಿ ಬೇಡ. ಪ್ಲಗ್ ಬಿಚ್ಚಿದಾಗ ಮೊದಲು ಬರುವ ಅರ್ಧ ಲೀಟರನ್ನು ಗಾಜಿನ ಬಾಟಲಿಗೇ ಹಿಡಿಯಿರಿ. ನೀರು ಅಡಿಗೆ, ಡೀಸೆಲ್ ಮೇಲೆ, ನಡುವೆ ಕಪ್ಪು ಲೋಳೆ ಇದ್ದರೆ ಸೋರಿಕೆಯ ಕಾರಣ ಸಿಕ್ಕಿದ ಹಾಗೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಲೆನಾಡಿನ ತೇವದ ಗಾಳಿ ಅರ್ಧ ಖಾಲಿ ಟ್ಯಾಂಕಿನೊಳಗೆ ಹೋಗಿ ಬಂದು ಮಾಡುತ್ತದೆ. ರಾತ್ರಿ ತಗಡು ತಣ್ಣಗಾದಾಗ ಒಳಗೋಡೆಯಲ್ಲಿ ಬೆವರಿ, ಆ ನೀರು ಇಳಿದು ಪ್ಲಗ್ಗಿನ ಸುತ್ತ ನಿಲ್ಲುತ್ತದೆ. ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಹುಳಿ ಬಿಡುತ್ತವೆ. ಲೋಳೆಗೂ ಮೂಲ ಅವೇ. ತುಕ್ಕು ಗುಬಟಿನ ಮುಖವನ್ನು ಗುಳಿ ಗುಳಿಯಾಗಿ ತಿನ್ನುತ್ತದೆ. ಗುಳಿ ಬಿದ್ದ ಮುಖದ ಮೇಲೆ ಎಂಥ ಹೊಸ ವಾಷರ್ ಇಟ್ಟರೂ ಅಷ್ಟೇ.

ಸಣ್ಣ ವಿಮಾನಗಳಲ್ಲಿ ರೆಕ್ಕೆಯ ಟ್ಯಾಂಕಿನ ತಗ್ಗಿನಲ್ಲಿ ಸ್ಪ್ರಿಂಗ್ ಇರುವ ಡ್ರೈನ್ ವಾಲ್ವ್ ಇರುತ್ತದೆ. ಹಾರುವ ಮುಂಚೆ ಪೈಲಟ್ ಅದನ್ನು ಒತ್ತಿ, ಪಾರದರ್ಶಕ ಲೋಟಕ್ಕೆ ಇಂಧನ ಹಿಡಿದು, ನೀರಿದೆಯೇ ಎಂದು ನೋಡುತ್ತಾನೆ. ಅಲ್ಲಿ ಆ ವಾಲ್ವ್ ಸೋರಿದರೂ ಮೊದಲ ಅನುಮಾನ ರಬ್ಬರ್ ಉಂಗುರದ ಅಡಿಗೆ ಸಿಕ್ಕಿದ ಕಸದ ಮೇಲೆ. ನಾವು ಪ್ಲಗ್ಗನ್ನು ವರ್ಷಗಟ್ಟಲೆ ಮುಟ್ಟುವುದೇ ಇಲ್ಲ.

ಈಗ ಮುಖ ಸರಿಮಾಡುವ ಕೆಲಸ, ತಾಳ್ಮೆ ಬೇಕಾದದ್ದು ಇಲ್ಲೇ. ಪ್ಲಗ್ಗಿನ ತಲೆಯ ಅಡಿಭಾಗ ಸುಲಭ: 400 ನಂಬರಿನ ಎಮರಿ ಪೇಪರಿನ ನಡುವೆ ತೂತು ಮಾಡಿ, ಅದನ್ನು ದಪ್ಪ ವಾಷರಿನ ಮೇಲಿಟ್ಟು, ಪ್ಲಗ್ಗನ್ನು ತೂರಿಸಿ ತಿರುಗಿಸಿದರೆ ಹೊಳಪು ಬರುತ್ತದೆ. ಗುಬಟಿನ ಮುಖಕ್ಕೆ ಪ್ಲಗ್ಗನ್ನೇ ಹಿಡಿಯಾಗಿ ಬಳಸಿದೆ. ಎಮರಿಯನ್ನು ಬಿಲ್ಲೆಯಂತೆ ಕತ್ತರಿಸಿ, ಒರಟು ಮುಖ ಗುಬಟಿನ ಕಡೆಗೆ ಬರುವಂತೆ ಪ್ಲಗ್ಗಿಗೆ ತೂರಿಸಿ, ಥ್ರೆಡ್ ಹಿಡಿಸಿ, ತಾಗಿದ ಮೇಲೆ ಹಗುರವಾಗಿ ಅರ್ಧ ಸುತ್ತು ಆಕಡೆ, ಅರ್ಧ ಸುತ್ತು ಈಕಡೆ. ಮೊದಲು 220, ಆಮೇಲೆ 400. ಥ್ರೆಡ್ಡಿಗೆ ಮೊದಲೇ ಗ್ರೀಸ್ ಮೆತ್ತಿದರೆ ಪುಡಿ ಒಳಗೆ ಹೋಗದೆ ಅದಕ್ಕೇ ಅಂಟುತ್ತದೆ. ವೃತ್ತಾಕಾರದ ಗೀರು ಉಳಿದರೆ ತೊಂದರೆಯಿಲ್ಲ. ತೂತಿನಿಂದ ಹೊರಕ್ಕೆ ಅಡ್ಡ ಹಾಯುವ ಒಂದೇ ಒಂದು ಗೀರು ಸಾಕು, ಅದೇ ಡೀಸೆಲ್‌ಗೆ ಕಾಲುವೆ. ಅದಕ್ಕೇ ಅರ, ಸ್ಕ್ರೂಡ್ರೈವರ್ ತಗೊಂಡು ಕೆರೆಯಬೇಡಿ. ಮುಗಿದ ಮೇಲೆ ಗ್ರೀಸ್ ಒರೆಸಿ, ಅರ್ಧ ಲೀಟರ್ ಶುದ್ಧ ಡೀಸೆಲ್ ಎರಡು ಸಲ ಹಾಕಿ ಅಲುಗಾಡಿಸಿ ಚೆಲ್ಲಿದೆ.

ವಾಷರ್ ಹೊಸದೇ ಒಳ್ಳೆಯದು. ಸಿಗದಿದ್ದರೆ ಹಳೆಯ ತಾಮ್ರದ ವಾಷರನ್ನು ಗ್ಯಾಸ್ ಒಲೆಯಲ್ಲಿ ಮಂದ ಕೆಂಪಾಗುವ ತನಕ ಕಾಯಿಸಿ ನೀರಿಗೆ ಹಾಕಿ. ಉಕ್ಕನ್ನು ಚೆನ್ನಾಗಿ ಕಾಯಿಸಿ ಹಾಗೆ ನೀರಿಗೆ ಹಾಕಿದರೆ ಗಟ್ಟಿಯಾಗುತ್ತದೆ, ತಾಮ್ರ ಮೆತ್ತಗಾಗುತ್ತದೆ. ಒತ್ತಿ ಒತ್ತಿ ಗಟ್ಟಿಯಾದ ವಾಷರ್ ಮತ್ತೆ ಮುಖಕ್ಕೆ ಅಮರುವುದು ಹಾಗಾಗಿ. ಹೈಡ್ರಾಲಿಕ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಕಾಲಿಂಚಿನ ಡೌಟಿ ವಾಷರ್ (ಲೋಹದ ಉಂಗುರದ ಒಳ ಅಂಚಿಗೆ ರಬ್ಬರ್ ಅಂಟಿಸಿದ್ದು) ಇನ್ನೂ ಮೇಲು. ಅದರೊಳಗಿನ ನೈಟ್ರೈಲ್ ರಬ್ಬರಿಗೆ ಡೀಸೆಲ್ ಏನೂ ಮಾಡುವುದಿಲ್ಲ. ಸೈಕಲ್ ಟ್ಯೂಬ್ ಕತ್ತರಿಸಿ ಹಾಕುವವರಿದ್ದಾರೆ, ಅದು ಡೀಸೆಲ್ ಕುಡಿದು ಊದಿ ಪ್ಲಗ್ಗಿನ ಅಡಿಯಿಂದ ಹೊರಗೆ ಇಣುಕುತ್ತದೆ. ಟೆಫ್ಲಾನ್ ಟೇಪೂ ಇಲ್ಲಿ ಬೇಡ. ಈ ಪ್ಲಗ್ಗಿನಲ್ಲಿ ಸೋರಿಕೆ ತಡೆಯುವುದು ವಾಷರ್, ಥ್ರೆಡ್ ಅಲ್ಲ; ಟೇಪಿನ ಚೂರು ಹರಿದು ಸೇರುವುದು ಕಾಕಿಗೆ, ಫಿಲ್ಟರಿಗೆ.

ಪ್ಲಗ್ಗೇ ಹೊಸದು ತರುವುದಾದರೆ ಹಳೆಯದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಕಾಲಿಂಚು ಬಿಎಸ್‌ಪಿಗೆ ಇಂಚಿಗೆ 19 ಎಳೆ, ಅಮೆರಿಕದ ಅಳತೆಯ ಕಾಲಿಂಚು ಎನ್‌ಪಿಟಿಗೆ 18. ಎರಡು ಸುತ್ತು ಆರಾಮಾಗಿ ಹೋಗಿ ಆಮೇಲೆ ಬಿಗಿಯಾದರೆ ಅಲ್ಲೇ ನಿಲ್ಲಿಸಿ, ಅದು ಬೇರೆ ಜಾತಿ. ಗುಬಟಿನ ಥ್ರೆಡ್ ಸವೆದಿದ್ದರೆ ಲೇತಿನವರ ಹತ್ತಿರ 15.25 ಮಿ.ಮೀ. ಡ್ರಿಲ್ ಹಾಕಿಸಿ 3/8 ಇಂಚು ಬಿಎಸ್‌ಪಿ ಟ್ಯಾಪ್ ಹೊಡೆಸಿ ಹೊಸ ಥ್ರೆಡ್ ಮಾಡಿಸಬಹುದು, ಆದರೆ ಸುತ್ತ ಕನಿಷ್ಠ 3 ಮಿ.ಮೀ. ಲೋಹ ಉಳಿಯಬೇಕು.

ಬೆಸುಗೆಯಲ್ಲೇ ಬಿರುಕಿದ್ದರೆ ಕಥೆ ಬೇರೆ. ಡೀಸೆಲ್ ತೊಯ್ದ ತಗಡಿಗೆ ಎಂ-ಸೀಲ್ ಹಿಡಿಯುವುದಿಲ್ಲ. ಆ ದಿನದ ನೀರು ಮುಗಿಸಲು ಬಟ್ಟೆ ಸೋಪಿನ ಬಾರನ್ನು ಬಿರುಕಿಗೆ ಉಜ್ಜಿ ತುಂಬಿದರೆ ನಿಲ್ಲುತ್ತದೆ, ಸೋಪು ಡೀಸೆಲ್‌ನಲ್ಲಿ ಕರಗುವುದಿಲ್ಲ. ಟ್ಯಾಂಕಿನ ಅಡಿಯಲ್ಲಿ ನೀರಿದ್ದರೆ ಮಾತ್ರ ಸಂಜೆಯೊಳಗೆ ಕರಗಿ ಹೋಗುತ್ತದೆ. ವೆಲ್ಡಿಂಗ್ ಶೆಡ್ಡಿನಲ್ಲಿ “ಖಾಲಿ ಇದೆಯಲ್ಲ ಸಾರ್, ಎರಡು ಟಾಕಾ ಅಷ್ಟೆ” ಎಂದರೆ ಕೊಡಬೇಡಿ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಅಪಾಯ: ಗೋಡೆಗೆ ಅಂಟಿದ ಡೀಸೆಲ್ ಬಿಸಿಗೆ ಆವಿಯಾಗಿ ಒಳಗಿನ ಗಾಳಿಯೊಂದಿಗೆ ಸೇರಿ ಸಿಡಿಯುತ್ತದೆ. ಬಿಸಿನೀರು, ವಾಷಿಂಗ್ ಸೋಡಾದಲ್ಲಿ ತೊಳೆದು, ಬೆಸುಗೆಯ ಜಾಗ ಬಿಟ್ಟು ಉಳಿದದ್ದಕ್ಕೆ ನೀರು ತುಂಬಿಸಿ, ಬಾಯಿ ತೆರೆದಿಟ್ಟು ಮಾಡುವ ರೇಡಿಯೇಟರ್ ಕೆಲಸದವರಿಗೆ ಕೊಡಿ.

ಪ್ಲಗ್ ಕೂರಿಸುವಾಗ ಕೈಯಲ್ಲಿ ತಿರುಗಿಸಿ, ವಾಷರ್ ತಾಗಿದ ಮೇಲೆ ಚಿಕ್ಕ ಪಾನಾದಲ್ಲಿ ಕಾಲು ಸುತ್ತು, ಅಷ್ಟೇ. ಮೊದಲು 2 ಲೀಟರ್ ಹಾಕಿ ವಿಭೂತಿ ಉದುರಿಸಿ ಒಂದು ಗಂಟೆ ನೋಡಿದೆ, ಆಮೇಲೆ ಪೂರ್ತಿ ತುಂಬಿಸಿದೆ. ತುಂಬಿದಾಗ ಅಡಿಗೆ ಒತ್ತಡ ಜಾಸ್ತಿ, ಇಂಜಿನ್ ಓಡುವಾಗ ನಡುಕವೂ ಸೇರುತ್ತದೆ, ಅದಕ್ಕೇ ಅರ್ಧ ಗಂಟೆ ಓಡಿಸಿ ಮತ್ತೆ ನೋಡಬೇಕು. ರಾತ್ರಿ ಅಡಿಗೆ ಹಳೇ ಪೇಪರ್ ಹಾಸಿದ್ದೆ. ನೀರಿನ ಕಲೆ ಒಣಗಿ ಮಾಯವಾಗುತ್ತದೆ, ಡೀಸೆಲ್ ಕಲೆ ಬೆಳಿಗ್ಗೆಯೂ ಎಣ್ಣೆ ಹಚ್ಚಿದಂತೆ ಪಾರದರ್ಶಕವಾಗಿ ಉಳಿಯುತ್ತದೆ.

ಓಡಿಸುವ ಮುಂಚೆ ಡೀಸೆಲ್ ಪೈಪಿನಲ್ಲಿ ಸೇರಿದ ಏರ್ ತೆಗೆಯದೆ ಇಂಜಿನ್ ಹಿಡಿಯುವುದಿಲ್ಲ. ಫಿಲ್ಟರ್ ಎಲಿಮೆಂಟ್ ಬದಲಿಸಿ, ಅದರ ಮೇಲಿನ ಸ್ಕ್ರೂ ಸಡಿಲಿಸಿ ಗುಳ್ಳೆ ನಿಂತು ಧಾರೆ ಬಂದ ಮೇಲೆ ಬಿಗಿದೆ, ಪಂಪಿನ ಸ್ಕ್ರೂಗೂ ಹಾಗೇ. ಕೊನೆಗೆ ಇಂಜೆಕ್ಟರ್ ಪೈಪಿನ ನಟ್ಟು ಅರ್ಧ ಸುತ್ತು ಬಿಟ್ಟು, ಸಿಲಿಂಡರಿನ ಒತ್ತಡ ಬಿಡುವ ಡಿಕಂಪ್ರೆಷನ್ ಲಿವರ್ ಎತ್ತಿ ಹ್ಯಾಂಡಲ್ ತಿರುಗಿಸಬೇಕು. ಆಗ ಕೈ, ಮುಖ ದೂರ ಇರಲಿ, ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ.

ಮುಂದಿನ ವರ್ಷಕ್ಕೆ ಮಳೆ ಹಿಡಿಯುವ ಮುಂಚೆ, ಮೇ ಕೊನೆಗೆ, ಅಡಿಯ ನೀರು ಬಿಟ್ಟು ಟ್ಯಾಂಕನ್ನು ಕಂಠದ ತನಕ ತುಂಬಿಸಿಟ್ಟೆ. ಒಳಗೆ ಗಾಳಿಗೆ ಜಾಗ ಇಲ್ಲದಿದ್ದರೆ ಬೆವರಲು ತಗಡೇ ಸಿಗುವುದಿಲ್ಲ. ಮುಚ್ಚಳದ ಉಸಿರು ತೂತಿಗೆ ಸೂರಿನ ಹನಿ ಬೀಳದಂತೆ ಮೇಲೊಂದು ಡಬ್ಬ ಬೋರಲು ಹಾಕಿದ್ದೆ. ಜನವರಿಯಲ್ಲಿ ಬಾಟಲಿಗೆ ಬಿಟ್ಟು ನೋಡಿದಾಗ ಅಡಿಯಲ್ಲಿ ಸಿಕ್ಕ ನೀರು ಎರಡು ಟೀ ಚಮಚ.