ಪಿಎಚ್‌ಪಿಯಲ್ಲಿ ಸಾಕೆಟ್ ಸರ್ವರ್: ಟ್ಯಾಂಕರ್ ಗಾಡಿಗಳ ಜಿಪಿಎಸ್ ಹಿಡಿದ ನನ್ನ ಅನುಭವ

ಮಹದೇವಪುರ, ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟ್‌ಗಳಿಗೆ ನೀರು ಹೊಡೆಯುವ ಟ್ಯಾಂಕರ್ ಮಾಲೀಕರೊಬ್ಬರ ಸಾಫ್ಟ್‌ವೇರ್ ನಾನು ನೋಡಿಕೊಳ್ಳುತ್ತೇನೆ. ಟ್ರಿಪ್ ಲೆಕ್ಕ, ಬಿಲ್ಲು, ಡೀಸೆಲ್, ಡ್ರೈವರ್ ಬಾಟಾ, ಎಲ್ಲವೂ ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್‌ನಲ್ಲಿದೆ. ಗಾಡಿಗಳಲ್ಲಿ ಕೂರಿಸಿರುವ ಜಿಪಿಎಸ್ ಯಂತ್ರಗಳು ಎಚ್‌ಟಿಟಿಪಿ ಮಾತಾಡುವುದಿಲ್ಲ. ಸಿಮ್ ಹಾಕಿ, ಎಪಿಎನ್ (ಸಿಮ್ ಕಂಪನಿಯ ಇಂಟರ್ನೆಟ್ ಸೆಟ್ಟಿಂಗ್) ಮತ್ತು ಸರ್ವರ್ ವಿಳಾಸವನ್ನು ಎಸ್‌ಎಂಎಸ್‌ನಲ್ಲಿ ಕಳಿಸಿದರೆ ಅವು ನೇರವಾಗಿ ಸರ್ವರ್‌ನ ಒಂದು ಟಿಸಿಪಿ ಪೋರ್ಟ್‌ಗೆ (ನೆಟ್‌ವರ್ಕ್ ಸಂಪರ್ಕಕ್ಕೆ ನಂಬರ್ ಹಾಕಿ ತೆರೆದಿಟ್ಟ ಬಾಗಿಲು) ಬಂದು ಅಂಟಿಕೊಳ್ಳುತ್ತವೆ, ಬೈಟ್ ಸುರಿಯುತ್ತಾ ಹೋಗುತ್ತವೆ. ಅಂಥ ಸಂಪರ್ಕದ ನಮ್ಮ ಕಡೆಯ ತುದಿಯೇ ಸಾಕೆಟ್. ಅದನ್ನು ಹಿಡಿಯಲು ನನಗಿಂತ ಮೊದಲು ಯಾರೋ ಬರೆದುಕೊಟ್ಟಿದ್ದ ಪಿಎಚ್‌ಪಿ ಸ್ಕ್ರಿಪ್ಟ್ ಒಂದಿತ್ತು. ಅದನ್ನು ಬಿಚ್ಚಿ ಹೊಸದಾಗಿ ಕಟ್ಟಿದ ಕತೆ ಇದು.

ಗೋ ಭಾಷೆ ಅಥವಾ ನೋಡ್.ಜೆಎಸ್ ಬಳಸಬಾರದಿತ್ತೇ ಎಂದು ಗೆಳೆಯರು ಕೇಳಿದರು. ಬಳಸಬಹುದಿತ್ತು. ಆದರೆ ನಾನಿಲ್ಲದ ದಿನ ಇದನ್ನು ತೆರೆದು ನೋಡಬೇಕಾದ ಹುಡುಗರಿಗೆ ಬರುವುದು ಪಿಎಚ್‌ಪಿ ಒಂದೇ. ನೂರು ಚಿಲ್ಲರೆ ಗಾಡಿ, ಒಂದೊಂದೂ ಹತ್ತು ಸೆಕೆಂಡಿಗೊಮ್ಮೆ ಮೂವತ್ತಾರು ಬೈಟ್ ಕಳಿಸಿದರೆ ಯಾವ ಭಾಷೆಗೂ ಅದು ಭಾರವಲ್ಲ. ತೊಂದರೆ ಬರುವುದು ನಮ್ಮ ಅಭ್ಯಾಸದಿಂದ. ವೆಬ್‌ನಲ್ಲಿ ರಿಕ್ವೆಸ್ಟ್ ಬಂದಾಗ ಸ್ಕ್ರಿಪ್ಟ್ ಹುಟ್ಟುತ್ತದೆ, ಉತ್ತರ ಕೊಟ್ಟು ಸಾಯುತ್ತದೆ; ಮೆಮೊರಿ, ಡೇಟಾಬೇಸ್ ಕನೆಕ್ಷನ್, ತೆರೆದಿಟ್ಟ ಫೈಲ್ ಎಲ್ಲ ಅದರ ಜತೆಗೇ ಹೋಗುತ್ತವೆ. ವರ್ಷಗಟ್ಟಲೆ ಹಾಗೆ ಬರೆದ ಕೈಗೆ, ತಿಂಗಳಾನುಗಟ್ಟಲೆ ಸಾಯದೆ ಓಡುವ ಪ್ರೋಗ್ರಾಂ ಬರೆಯುವುದು ಬೇರೆಯದೇ ಕೆಲಸ.

ಶುರು ಮಾಡುವುದು ಸುಲಭ. ಪಿಎಚ್‌ಪಿಯ ಸಾಕೆಟ್ ಎಕ್ಸ್‌ಟೆನ್ಷನ್ 1983ರಲ್ಲಿ 4.2ಬಿಎಸ್‌ಡಿ ಯುನಿಕ್ಸ್ ಜತೆ ಬಂದ ಸಿ ಕರೆಗಳನ್ನೇ ಹೆಚ್ಚು ಬದಲಿಸದೆ ನಮ್ಮ ಕೈಗೆ ಕೊಡುತ್ತದೆ: ಸಾಕೆಟ್_ಕ್ರಿಯೇಟ್, ಸಾಕೆಟ್_ಬೈಂಡ್, ಸಾಕೆಟ್_ಲಿಸನ್, ಸಾಕೆಟ್_ಆಕ್ಸೆಪ್ಟ್. ಡಾಕರ್‌ನ ಅಧಿಕೃತ ಪಿಎಚ್‌ಪಿ ಇಮೇಜ್‌ನಲ್ಲಿ ಈ ಎಕ್ಸ್‌ಟೆನ್ಷನ್ ಮೊದಲೇ ಇರುವುದಿಲ್ಲ, ಸೇರಿಸಿಕೊಳ್ಳಬೇಕು. ಬೈಂಡ್ ಮಾಡುವ ಮುಂಚೆ ‘ರೀಯೂಸ್ ಅಡ್ರೆಸ್’ ಆಪ್ಷನ್ ಹಾಕಿರಬೇಕು. ಇಲ್ಲವಾದರೆ ಸರ್ವರ್ ನಿಲ್ಲಿಸಿ ಮತ್ತೆ ಎಬ್ಬಿಸಿದಾಗ ಹಳೆ ಕನೆಕ್ಷನ್‌ಗಳು ‘ಟೈಮ್ ವೇಟ್’ನಲ್ಲಿ (ಮುಚ್ಚಿದ ಮೇಲೂ ಸ್ವಲ್ಪ ಹೊತ್ತು ಕಾಯುವ ಸ್ಥಿತಿ) ಕೂತಿರುತ್ತವೆ, ಲಿನಕ್ಸ್ 98ನೇ ನಂಬರ್ ಎರರ್ ಕೊಟ್ಟು ಒಂದು ನಿಮಿಷ ಬಾಗಿಲು ತೆರೆಯುವುದಿಲ್ಲ. ಸ್ಟ್ರೀಮ್_ಸಾಕೆಟ್_ಸರ್ವರ್ ಎಂಬ ಇನ್ನೊಂದು ದಾರಿಯೂ ಇದೆ. ಅದಕ್ಕೆ ಎಕ್ಸ್‌ಟೆನ್ಷನ್ ಬೇಡ, ಟಿಎಲ್‌ಎಸ್ (ಗೂಢಲಿಪಿಯ ಸಂಪರ್ಕ) ಕೂಡ ಬರುತ್ತದೆ. ನನಗೆ ಎರರ್ ನಂಬರ್‌ಗಳೂ ಸಾಕೆಟ್ ಆಪ್ಷನ್‌ಗಳೂ ನೇರವಾಗಿ ಕೈಗೆ ಸಿಗಬೇಕಿತ್ತು, ಯಂತ್ರಗಳಿಗೆ ಟಿಎಲ್‌ಎಸ್ ಗೊತ್ತೇ ಇರಲಿಲ್ಲ, ಹಾಗಾಗಿ ಮೊದಲ ದಾರಿ ಹಿಡಿದೆ.

ನಿಜವಾದ ಕೆಲಸ ಶುರುವಾಗುವುದು ಓದುವಾಗ. ಟಿಸಿಪಿಗೆ ‘ಪ್ಯಾಕೆಟ್ ಇಲ್ಲಿಗೆ ಮುಗಿಯಿತು’ ಎನ್ನುವುದು ಗೊತ್ತಿಲ್ಲ. ನಲ್ಲಿಯಲ್ಲಿ ಕಾವೇರಿ ನೀರು ಬಿಂದಿಗೆ ಲೆಕ್ಕದಲ್ಲಿ ಬರುವುದಿಲ್ಲವಲ್ಲ, ಹಾಗೆ. ಬಿಂದಿಗೆ ಹಿಡಿಯಬೇಕಾದವರು ನಾವು. ಯಂತ್ರ ಮೂವತ್ತಾರು ಬೈಟ್ ಕಳಿಸಿದರೆ ನಮಗೆ ಒಂದೇ ಸಲ ಮೂವತ್ತಾರು ಸಿಗಬಹುದು, ಮೊದಲು ಇಪ್ಪತ್ತು ಆಮೇಲೆ ಹದಿನಾರು ಸಿಗಬಹುದು, ಇಲ್ಲವೇ ಎರಡೂವರೆ ಪ್ಯಾಕೆಟ್ ಒಟ್ಟಿಗೆ ಬಂದು ಬೀಳಬಹುದು. ಆಫೀಸಿನ ವೈಫೈನಲ್ಲಿ ಪರೀಕ್ಷೆ ಮಾಡಿದಾಗ ಸದಾ ಒಂದೇ ಸಲ ಬರುತ್ತದೆ, ಅದೇ ಮೋಸ. ಔಟರ್ ರಿಂಗ್ ರೋಡಿನಲ್ಲಿ ಟವರ್‌ನಿಂದ ಟವರ್‌ಗೆ ಜಿಗಿಯುತ್ತಿರುವ ಗಾಡಿಯಿಂದ ಹಾಗೆ ಬರುವುದಿಲ್ಲ.

ನಮ್ಮ ಯಂತ್ರಗಳದು ಜಿಟಿ06 ಪ್ರೋಟೋಕಾಲ್. ಹೆಕ್ಸ್‌ನಲ್ಲಿ (ಹದಿನಾರರ ಲೆಕ್ಕದ ಎಣಿಕೆ) 78 78 ಎಂದು ಶುರು, ನಂತರ ಉದ್ದ ಹೇಳುವ ಒಂದು ಬೈಟ್, ಅದು ಯಾವ ಬಗೆಯ ಪ್ಯಾಕೆಟ್ ಎನ್ನುವ ಒಂದು ಬೈಟ್, ಆಮೇಲೆ ಮಾಹಿತಿ, ಎರಡು ಬೈಟ್ ಕ್ರಮಸಂಖ್ಯೆ, ಎರಡು ಬೈಟ್ ಸಿಆರ್‌ಸಿ (ಬಂದದ್ದು ಕೆಟ್ಟಿಲ್ಲವೇ ಎಂದು ತಾಳೆ ನೋಡುವ ಸಂಖ್ಯೆ), ಕೊನೆಗೆ, ಹೆಕ್ಸ್‌ನಲ್ಲಲ್ಲ, ಮಾಮೂಲಿ ಎಣಿಕೆಯಲ್ಲಿ, 13 ಮತ್ತು 10 ಎಂಬ ಎರಡು ಬೈಟ್. ಈ 13, 10 ಅಂದರೆ ಪಿಎಚ್‌ಪಿ ಬರೆಯುವ ಎಲ್ಲರಿಗೂ ಗೊತ್ತಿರುವ ಹೊಸ ಸಾಲಿನ ಗುರುತು. ಹಳೆ ಸ್ಕ್ರಿಪ್ಟ್ ಬರೆದವರು ಅದನ್ನು ಕಂಡ ತಕ್ಷಣ ಎಕ್ಸ್‌ಪ್ಲೋಡ್ ಹಾಕಿ ಅಲ್ಲಲ್ಲೇ ಕತ್ತರಿಸಿದ್ದರು.

ಮಾಲೀಕರ ದೂರು ವಿಚಿತ್ರವಾಗಿತ್ತು. “ಸಾರ್, ದಿನಾ ಸಂಜೆ ಆರೂ ನಲವತ್ತಕ್ಕೆ ಎಲ್ಲಾ ಗಾಡಿ ಒಂದ್ ನಿಮಿಷ ಮಾಯ ಆಗ್ತವೆ. ಅದು ಹೋಗ್ಲಿ ಬಿಡಿ. ತಿಂಗಳಲ್ಲಿ ಒಂದಿನ ಮಧ್ಯಾಹ್ನ ಒಂದ್ ಗಂಟೆ ಪೂರ್ತಿ ಕಾಣಲ್ಲ. ಡ್ರೈವರ್‌ಗಳು ಅವತ್ತು ಮಾತಾಡ್ಕೊಂಡು ಲೋಡ್ ಬೇರೆಯವರಿಗೆ ಮಾರ್ತಾವ್ರಾ ಅಂತ ನನಗೆ ಡೌಟು.” ಸಂಜೆಯ ನಿಮಿಷಕ್ಕೆ ಎಲ್ಲರ ಬಳಿಯೂ ಉತ್ತರವಿತ್ತು: ಟ್ರಾಫಿಕ್ ಹೊತ್ತು, ನೆಟ್‌ವರ್ಕ್ ಜಾಮ್. ಬೆಂಗಳೂರಿನಲ್ಲಿ ಈ ಉತ್ತರವನ್ನು ಯಾರೂ ಪ್ರಶ್ನಿಸುವುದಿಲ್ಲ.

ಲಾಗ್‌ನಲ್ಲಿ ಹರಿದು ಬಿದ್ದಿದ್ದ ತುಂಡುಗಳನ್ನು ಹೆಕ್ಸ್ ಮಾಡಿ ಸಾಲಾಗಿ ಇಟ್ಟಾಗ ಕಾರಣ ಕಾಣಿಸಿತು. ಸ್ಥಳ ಹೇಳುವ ಪ್ಯಾಕೆಟ್‌ನಲ್ಲಿ ಮೊದಲ ಆರು ಬೈಟ್ ಸಮಯ: ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡ್, ಒಂದೊಂದಕ್ಕೆ ಒಂದು ಬೈಟ್. ನಮ್ಮ ಯಂತ್ರ ಕಳಿಸುವುದು ಯುಟಿಸಿ ಸಮಯ, ಅಂದರೆ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ. ನಮ್ಮ ಸಂಜೆ 6:40 ಅಂದರೆ ಯುಟಿಸಿ 13:10. ಗಂಟೆಯ ಬೈಟ್ 13, ಅದರ ಪಕ್ಕ ನಿಮಿಷದ ಬೈಟ್ 10. ಪ್ಯಾಕೆಟ್‌ನ ನಟ್ಟನಡುವೆ ‘ಸಾಲು ಮುಗಿಯಿತು’ ಗುರುತು! ಸ್ಕ್ರಿಪ್ಟ್ ಅಲ್ಲೇ ಕತ್ತರಿಸುತ್ತಿತ್ತು, ಎರಡೂ ತುಂಡು ಅರ್ಥವಾಗದೆ ಎಸೆಯುತ್ತಿತ್ತು. ತಿಂಗಳಿಗೊಮ್ಮೆಯ ಕತೆಯೂ ಅದೇ. 13ನೇ ತಾರೀಖು, ಯುಟಿಸಿ ಹತ್ತು ಗಂಟೆ, ಅಂದರೆ ನಮ್ಮ ಮಧ್ಯಾಹ್ನ 3:30ರಿಂದ 4:30. ದಿನ 13, ಗಂಟೆ 10. ಹುಡುಕುತ್ತಾ ಹೋದರೆ ಇನ್ನೂ ಇವೆ: ಪ್ರತಿ ಗಂಟೆಯ 13ನೇ ನಿಮಿಷದ 10ನೇ ಸೆಕೆಂಡ್, ಕ್ರಮಸಂಖ್ಯೆ 3338 ಬಂದಾಗ. (ಈ ಸ್ಕ್ರಿಪ್ಟ್ 2013ರ ಅಕ್ಟೋಬರ್‌ನಲ್ಲಿ ಓಡಿದ್ದಿದ್ದರೆ ವರ್ಷ 13, ತಿಂಗಳು 10, ಇಡೀ ತಿಂಗಳು ಒಂದು ಗಾಡಿಯ ಸ್ಥಳವೂ ಸಿಗುತ್ತಿರಲಿಲ್ಲ. ಹಾಗಾಗಿದ್ದರೆ ಒಳ್ಳೆಯದೇ ಇತ್ತು, ಆವತ್ತೇ ಸಿಕ್ಕಿಬೀಳುತ್ತಿತ್ತು.) ಡ್ರೈವರ್‌ಗಳು ನಿರಪರಾಧಿಗಳು ಎಂದು ಮಾಲೀಕರಿಗೆ ಕ್ಯಾಲೆಂಡರ್ ಇಟ್ಟುಕೊಂಡು ವಿವರಿಸಿದೆ. ನಂಬಿದರೋ ಇಲ್ಲವೋ, ತಲೆಯಂತೂ ಆಡಿಸಿದರು.

ಸಾಕೆಟ್_ರೀಡ್‌ಗೆ ‘ನಾರ್ಮಲ್ ರೀಡ್’ ಎಂಬ ಆಯ್ಕೆ ಕೊಟ್ಟರೂ ಇದೇ ಗತಿ, ಅದು 13 ಅಥವಾ 10 ಕಂಡಲ್ಲೇ ನಿಲ್ಲುತ್ತದೆ. ಬೈನರಿ ಪ್ರೋಟೋಕಾಲ್‌ಗೆ ಬೈನರಿ ರೀಡ್ ಮಾತ್ರ ಸರಿ. ನಾನು ಮಾಡಿದ್ದು ಇಷ್ಟು: ಪ್ರತಿ ಕನೆಕ್ಷನ್‌ಗೂ ಒಂದು ಸ್ಟ್ರಿಂಗ್ ಬಫರ್. ಏನು ಬಂದರೂ ಅದರ ಬಾಲಕ್ಕೆ ಸೇರಿಸು. ಮೊದಲ ಎರಡು ಬೈಟ್ 78 78 ಇದೆಯೇ ನೋಡು, ಮೂರನೇ ಬೈಟ್‌ನಿಂದ ಉದ್ದ ತೆಗೆದುಕೊ, ಅದಕ್ಕೆ ಐದು ಕೂಡಿಸಿದರೆ ಇಡೀ ಪ್ಯಾಕೆಟ್‌ನ ಅಳತೆ. ಅಷ್ಟು ಇನ್ನೂ ಬಂದಿಲ್ಲವಾದರೆ ಸುಮ್ಮನೆ ಬಿಟ್ಟು ಮುಂದಿನ ಗಾಡಿ ನೋಡು. ಬಂದಿದ್ದರೆ ಕೊನೆಯ ಎರಡು ಬೈಟ್ ಮತ್ತು ಸಿಆರ್‌ಸಿ ಪರೀಕ್ಷಿಸು. ತಾಳೆಯಾಗದಿದ್ದರೆ ಒಂದೇ ಒಂದು ಬೈಟ್ ಎಸೆದು ಮತ್ತೆ 78 78 ಹುಡುಕು. ಪಿಎಚ್‌ಪಿಯಲ್ಲಿ ಸಿದ್ಧವಾಗಿ ಸಿಗುವುದು 32 ಬಿಟ್‌ನ ಸಿಆರ್‌ಸಿ. 16 ಬಿಟ್‌ನದನ್ನು ನಾವೇ ಬರೆದುಕೊಳ್ಳಬೇಕು, ಹತ್ತು ಸಾಲಿನ ಕೆಲಸ.

ಸಂಖ್ಯೆಗಳನ್ನು ಬಿಡಿಸಲು ಅನ್‌ಪ್ಯಾಕ್ ಇದೆ. ಅಕ್ಷಾಂಶದ ನಾಲ್ಕು ಬೈಟ್ 01 64 46 90 ಎಂದು ಬಂದಿದೆ ಎನ್ನಿ. ಅನ್‌ಪ್ಯಾಕ್‌ಗೆ ದೊಡ್ಡಕ್ಷರದ ‘ಎನ್’ ಕೊಟ್ಟರೆ 23348880 ಸಿಗುತ್ತದೆ. 1800000ರಿಂದ ಭಾಗಿಸಿ: 12.9716. ಬೆಂಗಳೂರು! ಮೊದಲ ಸಲ ಈ ಭಾಗಾಕಾರ ಸರಿ ಬಂದಾಗ ಆದ ಖುಷಿ ಯಾವ ಫ್ರೇಮ್‌ವರ್ಕ್‌ನಲ್ಲೂ ನನಗೆ ಸಿಕ್ಕಿಲ್ಲ. ಲಾಗಿನ್ ಪ್ಯಾಕೆಟ್‌ನಲ್ಲಿ ಬರುವ ಐಎಂಇಐ (ಯಂತ್ರದ ಗುರುತಿನ ಸಂಖ್ಯೆ) ಇನ್ನೂ ಸುಲಭ. ಎಂಟು ಬೈಟ್‌ಗೆ ಬಿನ್2ಹೆಕ್ಸ್ ಹಾಕಿ, ಮುಂದಿನ ಸೊನ್ನೆ ತೆಗೆದರೆ ಹದಿನೈದು ಅಂಕಿ ಹಾಗೇ ಇರುತ್ತವೆ. ಲಾಗಿನ್‌ಗೆ ಉತ್ತರ ಕೊಡುವುದು ಮರೆಯಬಾರದು. ಕೊಡದಿದ್ದರೆ ಯಂತ್ರ ಕನೆಕ್ಷನ್ ಕಡಿದು ಮತ್ತೆ ಮತ್ತೆ ಬಂದು ಬಾಗಿಲು ಬಡಿಯುತ್ತದೆ.

ಎಲ್ಲ ಗಾಡಿಗಳನ್ನೂ ಒಂದೇ ಪ್ರೋಸೆಸ್‌ನಲ್ಲಿ ನೋಡಿಕೊಳ್ಳುವುದು ಸಾಕೆಟ್_ಸೆಲೆಕ್ಟ್. ಕನೆಕ್ಷನ್‌ಗಳ ಅರೇ ಕೊಟ್ಟರೆ, ಯಾರ ಹತ್ತಿರ ಓದಲು ಏನಾದರೂ ಇದೆಯೋ ಅವರನ್ನಷ್ಟೇ ಅದೇ ಅರೇಯಲ್ಲಿ ಉಳಿಸಿ ಕೊಡುತ್ತದೆ. ಅಂದರೆ ನಾವು ಕೊಟ್ಟದ್ದನ್ನೇ ಬದಲಿಸುತ್ತದೆ. ಪ್ರತಿ ಸುತ್ತಿಗೂ ಮೂಲದ ಪ್ರತಿಯನ್ನು ಕೊಡಬೇಕು. ಕಾಯುವ ಸಮಯ ಸೊನ್ನೆ ಕೊಟ್ಟರೆ ಲೂಪ್ ಸುಮ್ಮನೆ ಸುತ್ತಿ ಸಿಪಿಯು ತಿನ್ನುತ್ತದೆ, ನಾನು ಒಂದು ಸೆಕೆಂಡ್ ಇಟ್ಟಿದ್ದೇನೆ. ಓದಿದಾಗ ಖಾಲಿ ಸ್ಟ್ರಿಂಗ್ ಬಂದರೆ ಆಚೆಯವರು ಕನೆಕ್ಷನ್ ಮುಚ್ಚಿದ್ದಾರೆ. ಫಾಲ್ಸ್ ಬಂದರೆ ಎರರ್ ನಂಬರ್ ನೋಡಬೇಕು: 11 ಆದರೆ ಸದ್ಯಕ್ಕೆ ಏನೂ ಇಲ್ಲ ಎಂದಷ್ಟೇ, 104 ಆದರೆ ಕನೆಕ್ಷನ್ ಹೋಯಿತು. ಖಾಲಿ ಸ್ಟ್ರಿಂಗ್ ಮತ್ತು ಫಾಲ್ಸ್ ಎರಡನ್ನೂ ಎರಡು ಸಮಚಿಹ್ನೆಯಿಂದ ಹೋಲಿಸಿದರೆ ಪಿಎಚ್‌ಪಿಗೆ ಎರಡೂ ಒಂದೇ, ಆದ್ದರಿಂದ ಮೂರು ಸಮಚಿಹ್ನೆ ಕಡ್ಡಾಯ.

ಮುಚ್ಚದೆ ಸಾಯುವ ಕನೆಕ್ಷನ್‌ಗಳದ್ದೇ ದೊಡ್ಡ ತಲೆನೋವು. ಟ್ಯಾಂಕರ್ ಅಪಾರ್ಟ್‌ಮೆಂಟ್‌ನ ಬೇಸ್‌ಮೆಂಟ್‌ಗೆ ಇಳಿದು ಸಂಪ್‌ಗೆ ನೀರು ಬಿಡುತ್ತದೆ. ಅಲ್ಲಿ ಸಿಗ್ನಲ್ ಇಲ್ಲ. ಯಂತ್ರ ಹಳೆ ಕನೆಕ್ಷನ್ ಕೈಬಿಡುತ್ತದೆ, ಆದರೆ ಆ ಸುದ್ದಿ ನಮ್ಮ ಸರ್ವರ್‌ಗೆ ತಲುಪುವುದೇ ಇಲ್ಲ. ಮೇಲೆ ಬಂದ ಮೇಲೆ ಹೊಸ ಕನೆಕ್ಷನ್ ಮಾಡಿ ಹೊಸದಾಗಿ ಲಾಗಿನ್ ಆಗುತ್ತದೆ. ಈಗ ಒಂದೇ ಗಾಡಿಗೆ ಎರಡು ಕನೆಕ್ಷನ್, ಒಂದು ಹೆಣ. ಕೀಪ್ ಅಲೈವ್ (ಸುಮ್ಮನಿರುವ ಕನೆಕ್ಷನ್ ಬದುಕಿದೆಯೇ ಎಂದು ಸಿಸ್ಟಮ್ಮೇ ವಿಚಾರಿಸುವ ಆಪ್ಷನ್) ಹಾಕಿದರಾಯಿತು ಎನ್ನುತ್ತಾರೆ. ಲಿನಕ್ಸ್‌ನಲ್ಲಿ ಅದರ ಮೊದಲ ವಿಚಾರಣೆಯೇ 7200 ಸೆಕೆಂಡ್ ಆದ ಮೇಲೆ. ಎರಡು ಗಂಟೆಯಲ್ಲಿ ಟ್ಯಾಂಕರ್ ಎಷ್ಟು ಲೋಡ್ ಹೊಡೆದಿರುತ್ತದೋ! ಹಾಗಾಗಿ ಪ್ರತಿ ಕನೆಕ್ಷನ್‌ಗೂ ‘ಕೊನೆಗೆ ಮಾತಾಡಿದ ಹೊತ್ತು’ ಬರೆದಿಟ್ಟುಕೊಂಡು, ಯಂತ್ರದ ಹಾರ್ಟ್‌ಬೀಟ್ (‘ಬದುಕಿದ್ದೇನೆ’ ಎಂದು ಆಗಾಗ ಕಳಿಸುವ ಸಣ್ಣ ಪ್ಯಾಕೆಟ್) ಕೆಲವು ಸಲ ತಪ್ಪಿದರೆ ನಾವೇ ಮುಚ್ಚುತ್ತೇವೆ.

ಇಲ್ಲೊಂದು ಸೂಕ್ಷ್ಮ ಇದೆ. ಯಾವ ಐಎಂಇಐ ಯಾವ ಕನೆಕ್ಷನ್‌ನಲ್ಲಿದೆ ಎಂಬ ಪಟ್ಟಿ ಇರುತ್ತದೆ. ಹೊಸ ಲಾಗಿನ್ ಬಂದಾಗ ಪಟ್ಟಿಯಲ್ಲಿ ಹೊಸ ಕನೆಕ್ಷನ್ ಕೂರುತ್ತದೆ. ಸ್ವಲ್ಪ ಹೊತ್ತಿಗೆ ಹಳೆಯದರ ಅವಧಿ ಮುಗಿದು, ಅದನ್ನು ಮುಚ್ಚುವ ಕೋಡ್ ‘ಈ ಐಎಂಇಐ ಆಫ್‌ಲೈನ್’ ಎಂದು ಪಟ್ಟಿಯಿಂದ ಅಳಿಸುತ್ತದೆ. ಅಳಿಸಿದ್ದು ಜೀವಂತ ಇರುವವನ ಹೆಸರು. ಅಳಿಸುವ ಮುಂಚೆ ‘ಪಟ್ಟಿಯಲ್ಲಿರುವುದು ನಾನೇನಾ?’ ಎಂದು ಕೇಳುವ ಒಂದು ಸಾಲು ಸಾಕು. ಆ ಒಂದು ಸಾಲು ಇಲ್ಲದ ಕಾರಣಕ್ಕೆ ಹಳೆ ಸ್ಕ್ರಿಪ್ಟ್‌ನಲ್ಲಿ ರಸ್ತೆಯಲ್ಲಿ ಓಡುತ್ತಿದ್ದ ಗಾಡಿಗಳು ಪರದೆಯ ಮೇಲೆ ಆಫ್‌ಲೈನ್ ಎಂದು ಬೂದು ಬಣ್ಣದಲ್ಲಿ ನಿಂತಿರುತ್ತಿದ್ದವು.

ಡೇಟಾಬೇಸ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ರಾತ್ರಿ ಗಾಡಿಗಳು ನಿಂತಿರುತ್ತವೆ, ಬರೀ ಹಾರ್ಟ್‌ಬೀಟ್, ಅದನ್ನು ನಾನು ಟೇಬಲ್‌ಗೆ ಬರೆಯುವುದಿಲ್ಲ. ಮೈಎಸ್‌ಕ್ಯೂಎಲ್‌ನ ವೇಟ್ ಟೈಮ್‌ಔಟ್ ಸಾಮಾನ್ಯವಾಗಿ 28800 ಸೆಕೆಂಡ್, ಎಂಟು ಗಂಟೆ. ಅಷ್ಟು ಹೊತ್ತು ಸುಮ್ಮನಿದ್ದ ಕನೆಕ್ಷನ್ ಬೆಳಗಿನ ಮೊದಲ ಲೋಡ್ ಹೊತ್ತಿಗೆ ಸತ್ತಿರುತ್ತದೆ. 2006ನೇ ಎರರ್ ಬಂದರೆ ಮತ್ತೆ ಕನೆಕ್ಟ್ ಆಗಿ ಅದೇ ಸಾಲು ಬರೆಯಬೇಕು. ಇನ್ನೊಂದು: ಇನ್‌ಸರ್ಟ್ ಮುಗಿಯುವವರೆಗೆ ಲೂಪ್ ನಿಂತಿರುತ್ತದೆ, ಎಲ್ಲ ಗಾಡಿಗಳೂ ಕಾಯುತ್ತವೆ. ಆದ್ದರಿಂದ ಒಂದು ಸೆಕೆಂಡಿನಲ್ಲಿ ಬಂದದ್ದನ್ನೆಲ್ಲ ಕೂಡಿಸಿಟ್ಟು ಒಂದೇ ಇನ್‌ಸರ್ಟ್‌ನಲ್ಲಿ ಬರೆಯುತ್ತೇನೆ. ಪ್ರೋಸೆಸ್ ಬಿದ್ದರೆ ಎಬ್ಬಿಸಲು ಲಿನಕ್ಸ್‌ನ ಸಿಸ್ಟಮ್‌ಡಿ ಇದೆ. ಅದು ನಿಲ್ಲಿಸು ಎಂದಾಗ ಕೈಯಲ್ಲಿರುವುದನ್ನು ಬರೆದು ಮುಗಿಸಲು ಪಿಸಿಎನ್‌ಟಿಎಲ್ ಎಂಬ ಪಿಎಚ್‌ಪಿ ಎಕ್ಸ್‌ಟೆನ್ಷನ್‌ನಿಂದ ಆ ಸಿಗ್ನಲ್ ಹಿಡಿಯುತ್ತೇನೆ.

ಪಿಎಚ್‌ಪಿ 7ರಿಂದ 8ಕ್ಕೆ ಏರಿಸುವವರಿಗೆ ಒಂದು ಮಾತು. 7ರವರೆಗೆ ಸಾಕೆಟ್ ಅಂದರೆ ರಿಸೋರ್ಸ್. ಅದನ್ನು ಇಂಟ್ ಮಾಡಿದರೆ ಬೇರೆ ಬೇರೆ ನಂಬರ್ ಸಿಗುತ್ತಿತ್ತು, ಎಲ್ಲರೂ ಅದನ್ನೇ ಅರೇಯ ಕೀಲಿಯಾಗಿ ಬಳಸುತ್ತಿದ್ದರು. 8ರಲ್ಲಿ ಅದು ಆಬ್ಜೆಕ್ಟ್. ಇಂಟ್ ಮಾಡಿದರೆ ಒಂದು ವಾರ್ನಿಂಗ್ ಕೊಟ್ಟು ಎಲ್ಲಕ್ಕೂ 1 ಕೊಡುತ್ತದೆ. ವಾರ್ನಿಂಗ್ ಮುಚ್ಚಿಟ್ಟಿದ್ದರೆ ಎಲ್ಲ ಗಾಡಿಗಳ ಬೈಟ್‌ಗಳೂ ಒಂದೇ ಬಫರ್‌ಗೆ ಬಂದು ಬೀಳುತ್ತವೆ, ಕಾಡುಗೋಡಿ ಗಾಡಿಯ ಅಕ್ಷಾಂಶ ಹೂಡಿ ಗಾಡಿಯ ಲೆಕ್ಕಕ್ಕೆ ಹೋಗುತ್ತದೆ. ಎಸ್‌ಪಿಎಲ್_ಆಬ್ಜೆಕ್ಟ್_ಐಡಿ ಬಳಸಿ.

ಪರೀಕ್ಷೆಗೆ ನೆಟ್‌ಕ್ಯಾಟ್ (ಪೋರ್ಟ್‌ಗೆ ಕೈಯಿಂದ ಬೈಟ್ ಕಳಿಸುವ ಸಾಧನ) ಸಾಲದು. ಒಂದು ಸಣ್ಣ ಕ್ಲೈಂಟ್ ಬರೆದುಕೊಂಡೆ: ಅದೇ ಪ್ಯಾಕೆಟ್‌ ಅನ್ನು ಒಂದೊಂದೇ ಬೈಟ್ ಆಗಿ ತಡೆತಡೆದು ಕಳಿಸುತ್ತದೆ, ಆಮೇಲೆ ಎರಡೂವರೆ ಪ್ಯಾಕೆಟ್ ಅಂಟಿಸಿ ಕಳಿಸುತ್ತದೆ, ಆಮೇಲೆ 13:10 ಸಮಯ ಹಾಕಿ ಕಳಿಸುತ್ತದೆ. ಪೋರ್ಟ್ ತೆರೆದ ಮೇಲೆ ಇನ್ನೊಂದು ಪರೀಕ್ಷೆ ಪುಕ್ಕಟೆ ಸಿಗುತ್ತದೆ. ಜಗತ್ತಿನ ಎಲ್ಲೆಲ್ಲಿಂದಲೋ ಸ್ಕ್ಯಾನರ್‌ಗಳು ಬಂದು ಎಚ್‌ಟಿಟಿಪಿ ಗೆಟ್ ಎಸೆಯುತ್ತವೆ, ಟಿಎಲ್‌ಎಸ್ ಹಲೋ ಹೇಳುತ್ತವೆ, ಕೆಲವು ಏನೂ ಹೇಳದೆ ಕೂರುತ್ತವೆ. ಲಾಗಿನ್ ಆಗುವವರೆಗೆ ಅಡಿಗಡಿಗೂ ಅನುಮಾನಿಸಬೇಕು. ಮೊದಲ ಎರಡು ಬೈಟ್ 78 78 ಅಲ್ಲವೇ, ಮುಚ್ಚು. ನಮ್ಮ ಗಾಡಿಗಳ ಪಟ್ಟಿಯಲ್ಲಿಲ್ಲದ ಐಎಂಇಐಯೇ, ಮುಚ್ಚು. ಬಫರ್ ಒಂದು ಕಿಲೋಬೈಟ್ ದಾಟಿತೇ, ಮುಚ್ಚು.

ಸಾಕೆಟ್_ಸೆಲೆಕ್ಟ್‌ಗೆ 1024ರ ಮಿತಿ ಇದೆ, 1024 ಮತ್ತು ಅದಕ್ಕಿಂತ ದೊಡ್ಡ ಡಿಸ್ಕ್ರಿಪ್ಟರ್ ನಂಬರ್ (ತೆರೆದ ಪ್ರತಿ ಕನೆಕ್ಷನ್‌ಗೂ ಸಿಸ್ಟಮ್ ಕೊಡುವ ನಂಬರ್) ಅದು ಮುಟ್ಟುವುದಿಲ್ಲ. ಇಂಥ ಕೆಲಸಕ್ಕೆಂದೇ ಇರುವ ರಿಯಾಕ್ಟ್‌ಪಿಎಚ್‌ಪಿ ಲೈಬ್ರರಿಗೆ ಹೋದರೆ ಈ ಮಿತಿ ತಪ್ಪುತ್ತದೆ ಎಂದುಕೊಳ್ಳಬೇಡಿ. ಬೇರೆ ಎಕ್ಸ್‌ಟೆನ್ಷನ್ ಇಲ್ಲದಿದ್ದರೆ ಅದರ ಲೂಪ್ ಕೂಡ ಓಡುವುದು ಸೆಲೆಕ್ಟ್ ಮೇಲೆಯೇ. ಇವೆಂಟ್ ಎಕ್ಸ್‌ಟೆನ್ಷನ್ ಅಥವಾ ಸ್ವೂಲ್ ಬೇಕಾಗುತ್ತದೆ. ಮಾಲೀಕರು ಈಗ ತಮ್ಮ ಸಂಘದ ಬೇರೆಯವರ ಗಾಡಿಗಳನ್ನೂ ಇದಕ್ಕೆ ಸೇರಿಸಬಹುದಾ ಎಂದು ಕೇಳುತ್ತಿದ್ದಾರೆ. ಸದ್ಯಕ್ಕೆ ಇದೇ ಸ್ಕ್ರಿಪ್ಟ್‌ನ ಇನ್ನೊಂದು ಪ್ರತಿಯನ್ನು ಪಕ್ಕದ ಪೋರ್ಟ್‌ನಲ್ಲಿ ಓಡಿಸಿ, ಹೊಸ ಗಾಡಿಗಳ ಎಸ್‌ಎಂಎಸ್‌ನಲ್ಲಿ ಆ ಪೋರ್ಟ್ ನಂಬರ್ ಹಾಕಿ ಕಳಿಸುವುದು ಎಂದುಕೊಂಡಿದ್ದೇನೆ.