ಮಾಯದ ಗಂಟಿಗೆ ಬಯಾಪ್ಸಿ: ಹೇಗೆ ಮಾಡ್ತಾರೆ, ನೀವೇನು ಹೇಳಬೇಕು

ಮಲೆನಾಡಿನ ತೋಟದಲ್ಲಿ ಕೆಲಸ ಮಾಡುವವರಿಗೆ ಕಾಲಿಗೆ ಮುಳ್ಳು ಚುಚ್ಚುವುದು ಹೊಸದಲ್ಲ. ಆದರೆ ಚುಚ್ಚಿದ ಜಾಗ ಗಂಟಾಗಿ, ತಿಂಗಳುಗಟ್ಟಲೆ ಮಾಯದೆ, ನಿಧಾನಕ್ಕೆ ಹರಡುತ್ತಿದ್ದರೆ ಸುಮ್ನೆ ಮುಲಾಮು ಬದಲಾಯಿಸುತ್ತಾ ಕೂರಬೇಡಿ. ಅದರಲ್ಲೂ ಸ್ಟೀರಾಯ್ಡ್ ಮುಲಾಮು ರೋಗದ ಚಹರೆಯನ್ನೇ ಮರೆಸಿಬಿಡುತ್ತದೆ. ಚರ್ಮದ ಡಾಕ್ಟರಿಗೆ ತೋರಿಸಿ.

ದೇಹಕ್ಕೆ ಸುಲಭವಾಗಿ ತೊಲಗಿಸಲಾಗದ ರೋಗಾಣುವೋ ಹೊರಗಿನ ಚೂರೋ ಒಳಗೆ ಸೇರಿದಾಗ ರಕ್ಷಣಾ ಕಣಗಳು ಅದರ ಸುತ್ತ ಗುಂಪುಗಟ್ಟುತ್ತವೆ. ಅದೇ ಗ್ರ್ಯಾನುಲೋಮಾ. ಕುಷ್ಠ, ಚರ್ಮದ ಟಿಬಿ, ಆಳದ ಫಂಗಸ್, ಒಳಗೇ ಮುರಿದು ಉಳಿದ ಮುಳ್ಳು, ಎಲ್ಲದರಲ್ಲೂ ಇದು ಆಗಬಹುದು. ಸಾರ್ಕಾಯ್ಡೋಸಿಸ್ ಅನ್ನೋ ಕಾಯಿಲೆಯಲ್ಲಿ ರೋಗಾಣು ಕಾಣದಿದ್ದರೂ ಆಗುತ್ತದೆ. ಹೊರಗಿನಿಂದ ನೋಡಿ ಇಂಥದ್ದೇ ಅಂತ ಹೇಳುವುದು ಕಷ್ಟ, ಚಿಕಿತ್ಸೆ ಮಾತ್ರ ಒಂದೊಂದಕ್ಕೆ ಒಂದೊಂದು. ಅದಕ್ಕೇ ಬಯಾಪ್ಸಿ, ಅಂದ್ರೆ ಚರ್ಮದ ಚಿಕ್ಕ ತುಂಡು ತೆಗೆದು ಲ್ಯಾಬಿನಲ್ಲಿ ನೋಡುವುದು.

ಮೊದಲು ನಿಮ್ಮ ಕಡೆಯ ವಿಷಯ ಹೇಳಿ. ರಕ್ತ ತೆಳುವಾಗಿಸುವ ಮಾತ್ರೆ, ಶುಗರ್, ಮರಗಟ್ಟಿಸುವ ಇಂಜೆಕ್ಷನ್‌ಗೆ ಹಿಂದೆ ಅಲರ್ಜಿ ಆಗಿದ್ದರೆ ಅದು. ಮುಳ್ಳು ಚುಚ್ಚಿದ್ದು, ಮನೆಯಲ್ಲಿ ಯಾರಿಗಾದರೂ ಟಿಬಿ ಇದ್ದದ್ದು, ಮಚ್ಚೆಯ ಮೇಲೆ ಸ್ಪರ್ಶ ಗೊತ್ತಾಗದಿರುವುದು, ಯಾವುದನ್ನೂ ಬಿಡಬೇಡಿ. ಇದೆಲ್ಲ ಲ್ಯಾಬಿನ ಚೀಟಿಯಲ್ಲಿ ಬರೆದಿರಬೇಕು, ಯಾಕಂದ್ರೆ ಸೂಕ್ಷ್ಮದರ್ಶಕದ ಮುಂದೆ ಕೂತು ತುಂಡು ಪರೀಕ್ಷಿಸುವ ಡಾಕ್ಟರ್ (ಪೆಥಾಲಜಿಸ್ಟ್) ನಿಮ್ಮ ಕಾಲು ನೋಡಿರುವುದಿಲ್ಲ.

ಆಮೇಲೆ ಇಂಜೆಕ್ಷನ್. ಅದು ಸ್ವಲ್ಪ ಉರಿಯುತ್ತದೆ, ಅಷ್ಟೇ. ಸಾಮಾನ್ಯವಾಗಿ 4 ಮಿ.ಮೀ. ಆಸುಪಾಸಿನ ದುಂಡು ಬ್ಲೇಡ್ ತಿರುಗಿಸಿ ಚರ್ಮದ ತುಂಡು ತೆಗೆಯುತ್ತಾರೆ. ಮಚ್ಚೆ ಹರಡುತ್ತಿದ್ದರೆ ಉಬ್ಬಿದ ಹೊಸ ಅಂಚಿನಿಂದ ತೆಗೆಯುವುದು ಒಳ್ಳೆಯದು. ಆಳವೂ ಬೇಕು. ಮೇಲ್ಪದರ ಮಾತ್ರ ಕೆರೆದರೆ ಕೆಳಗಿರುವ ಗ್ರ್ಯಾನುಲೋಮಾ ಸಿಗುವುದೇ ಇಲ್ಲ.

ಸೋಂಕಿನ ಅನುಮಾನ ಇದ್ದರೆ ಇಲ್ಲಿ ಒಂದು ಮಾತು ಕೇಳಿಯೇ ಕೇಳಿ: ‘ಕಲ್ಚರ್‌ಗೂ ಕಳಿಸ್ತೀರಾ ಡಾಕ್ಟ್ರೇ?’ ಕಲ್ಚರ್ ಅಂದ್ರೆ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವುದು. ತುಂಡು ಕೆಡದಂತೆ ಇಡುವ ಫಾರ್ಮಲಿನ್ ದ್ರವಕ್ಕೆ ಹಾಕಿದ ತುಂಡಿನಲ್ಲಿ ರೋಗಾಣು ಸತ್ತುಹೋಗುತ್ತದೆ, ಆಮೇಲೆ ಬೆಳೆಸಲು ಬರುವುದಿಲ್ಲ. ಹಾಗಾಗಿ ಇನ್ನೊಂದು ತುಂಡು ಸಲೈನ್ (ಉಪ್ಪುನೀರು) ಬಾಟಲಿಗೆ ಹೋಗಬೇಕು. ಎರಡೂ ಒಂದೇ ಬಾಟಲಿಗೆ ಬಿದ್ದರೆ ಮತ್ತೆ ಚರ್ಮ ಕೊಯ್ಯಬೇಕಾಗುತ್ತದೆ, ಅದು ಯಾರಿಗೂ ಬೇಡ ಅಲ್ವಾ?

ಲ್ಯಾಬಿನಲ್ಲಿ ಮೊದಲು ಸಾಮಾನ್ಯ ಬಣ್ಣ ಹಾಕಿ ಕಣಗಳ ಜೋಡಣೆ ನೋಡುತ್ತಾರೆ. ಗುಂಪಿನ ನಡುಭಾಗ ಕೊಳೆತು ಹಿಟ್ಟಿನಂತಾಗಿದ್ದರೆ ಟಿಬಿ ಕಡೆ ಗಮನ, ನರದ ಸುತ್ತ ಗುಂಪಿದ್ದರೆ ಕುಷ್ಠದ ಕಡೆ. ಕಂದು ಬಣ್ಣದ ದಪ್ಪ ಗೋಡೆಯ ಉಂಡೆ ಉಂಡೆ ಕಣಗಳು ಕಂಡರೆ ಕ್ರೋಮೋಬ್ಲಾಸ್ಟೋಮೈಕೋಸಿಸ್. ಬರಿಗಾಲಿನ ಕೃಷಿ ಕೆಲಸಗಾರರಲ್ಲಿ ಜಾಸ್ತಿ ಕಾಣುವ ಫಂಗಸ್ ಇದು. ಬೇಕಾದರೆ ಟಿಬಿಗೆ ಜೀಲ್-ನೀಲ್ಸನ್, ಕುಷ್ಠಕ್ಕೆ ಫೈಟ್, ಫಂಗಸ್‌ಗೆ ಪಿಎಎಸ್ ಬಣ್ಣ ಹಾಕುತ್ತಾರೆ.

ಮಳೆಗಾಲದಲ್ಲಿ, ತುಂಡು ತೆಗೆದ ಜಾಗಕ್ಕೆ ಹಾಕಿದ ಹೊಲಿಗೆ ಒದ್ದೆಯಾಗದಂತೆ ನೋಡಿಕೊಳ್ಳಿ, ಕೆಸರಿಗೆ ಇಳಿಯಬೇಡಿ. ಬಯಾಪ್ಸಿ ರಿಪೋರ್ಟ್ ಬೇಗ ಬಂದರೂ ಟಿಬಿ ಕಲ್ಚರ್‌ಗೆ 6-8 ವಾರ ಹಿಡಿಯಬಹುದು. ರಿಪೋರ್ಟಿನಲ್ಲಿ ‘ರೋಗಾಣು ಕಾಣಲಿಲ್ಲ’ ಅಂತಿದ್ದರೆ ರೋಗವೇ ಇಲ್ಲ ಅಂತಲ್ಲ. ಚರ್ಮದ ಟಿಬಿಯಲ್ಲಿ ಎಷ್ಟೋ ಸಲ ರೋಗಾಣು ತೀರಾ ಕಡಿಮೆ ಇರುತ್ತದೆ. ಕುಷ್ಠ ಅಂತ ಬಂದರೂ ಹೆದರಿ ಮುಚ್ಚಿಡಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ, ರೋಗದ ಬಗೆ ನೋಡಿ ಸಾಮಾನ್ಯವಾಗಿ 6 ಅಥವಾ 12 ತಿಂಗಳು ಕೊಡುತ್ತಾರೆ.